ಕಚೇರಿಯ ಕಿಂಡಿಯಲ್ಲಿ ಕನಕ

‘ಕನಕದಾಸರನ್ನು ಒಂದು ಜಾತಿಗೆ ಸೀಮಿತಗೊಳಿಸಬಾರದು’ ಎಂಬ ವಾಕ್ಯವನ್ನು 2022ರ ನವೆಂಬರ್ 11ರ ಶುಕ್ರವಾರ, ಕನಕ ಜಯಂತಿಯ ದಿನ, ಬೆಳಿಗ್ಗೆ 11.30ರಿಂದ ಮಧ್ಯಾಹ್ನ 2 ಗಂಟೆಯೊಳಗೆ, ತಾಲೂಕು ಕೇಂದ್ರವೊಂದರ ಸಭಾಂಗಣದಲ್ಲಿ ಕೂತು ನಾನು ಒಂಬತ್ತು ಸಲ ಕೇಳಿದೆ. ಹಾಗೆಂದವರು ಒಂಬತ್ತು ಮಂದಿ. ಒಂಬತ್ತೂ ಮಂದಿ ವೇದಿಕೆಯ ಮೇಲಿದ್ದರು. ಯಾವ ಸಮಾಜದ ಮುಖಂಡರಿಗೂ ಅಸಮಾಧಾನವಾಗದಂತೆ ಜಾತಿಗೊಂದರಂತೆ ಕುರ್ಚಿ ಹಾಕಿಸಬೇಕೆಂದು ಹತ್ತು ದಿನ ಮೊದಲೇ ಪೂರ್ವಭಾವಿ ಸಭೆಯಲ್ಲಿ ತೀರ್ಮಾನವಾಗಿದ್ದರಿಂದಲೇ ಅವರು ಅಲ್ಲಿದ್ದರು.

ಆ ಪೂರ್ವಭಾವಿ ಸಭೆಗೂ ನಾನು ಹೋಗಿದ್ದೆ. ಕೀರ್ತನೆ, ಉಗಾಭೋಗ, ಸುಳಾದಿ, ಮುಂಡಿಗೆಗಳ ಹಾಗೆ ಪೂರ್ವಭಾವಿ ಸಭೆಯೂ ದಾಸಸಾಹಿತ್ಯದ ಒಂದು ಪ್ರಕಾರವೆಂದು ನನ್ನ ನಂಬಿಕೆ. ಇದಕ್ಕೂ ಪಲ್ಲವಿಯಿದೆ, ಚರಣಗಳಿವೆ, ಕೊನೆಯಲ್ಲಿ ಅಂಕಿತವಿದೆ. ಪಲ್ಲವಿಯೆಂದರೆ, ಸಭೆಗೆ ಬಾರದ ಇಲಾಖೆಗಳ ಅಧಿಕಾರಿಗಳಿಗೆ ನೋಟಿಸ್ ಕೊಡಬೇಕೆಂಬ ಆಗ್ರಹ. ಇದನ್ನು ಅರ್ಧ ಗಂಟೆಯಲ್ಲಿ ನಾಲ್ಕು ಮಂದಿ ನಾಲ್ಕು ಶ್ರುತಿಯಲ್ಲಿ ಹಾಡಿದರು. ಚರಣಗಳೆಂದರೆ, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರಿನ ಕೆಳಗೆ ಯಾರ ಹೆಸರು ಬರಬೇಕು, ಯಾರ ಹೆಸರಿನ ಹಿಂದೆ ‘ಘನ ಉಪಸ್ಥಿತಿ’ ಇರಬೇಕು, ಯಾರದು ‘ಮುಖ್ಯ ಅತಿಥಿಗಳು’ ಎಂಬ ಸಾಮಾನ್ಯ ಸಾಲಿನಲ್ಲಿ ಸೇರಿಹೋದರೂ ನಡೆಯುತ್ತದೆ ಎಂಬ ಒಂದೂಕಾಲು ಗಂಟೆಯ ಜಿಜ್ಞಾಸೆ. ಅಂಕಿತವನ್ನು ನಡವಳಿ ಪುಸ್ತಕದಲ್ಲಿ ತಾಲೂಕು ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯ ಸದಸ್ಯರೆಲ್ಲರೂ, ತಡವಾಗಿ ಬಂದು ಕಾಫಿ ಕುಡಿದವರೂ ಸೇರಿ, ಹಾಕಿದರು. ಜಯಂತಿಯನ್ನು ‘ಅರ್ಥಪೂರ್ಣವಾಗಿ’ ಆಚರಿಸಲು ನಿರ್ಧಾರ ಎಂದು ಮರುದಿನ ಪತ್ರಿಕೆಯಲ್ಲಿ ಬಂತು. ಸರ್ಕಾರದ ಯಾವ ಜಯಂತಿಯೂ ಇಂದಿನವರೆಗೆ ಅರ್ಥಹೀನವಾಗಿ ಆಚರಣೆಯಾದ ವರದಿಯನ್ನು ನಾನು ಓದಿಲ್ಲ.

ಇಷ್ಟೆಲ್ಲ ಯಾರ ಸಲುವಾಗಿ ಎಂಬುದು ಸಭೆಯ ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ಇಲ್ಲಿ ಹೇಳಬೇಕಾಗಿದೆ. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪನಾಯಕರು ದಂಡನಾಯಕರಾಗಿದ್ದವರು. ನೆಲ ಅಗೆಸುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿತೆಂದೂ ಅದನ್ನು ದಾನಧರ್ಮಕ್ಕೂ ಕಾಗಿನೆಲೆಯ ಆದಿಕೇಶವನ ಗುಡಿಗೂ ಸುರಿದು ಕನಕನಾಯಕರೆನಿಸಿಕೊಂಡರೆಂದೂ ಐತಿಹ್ಯ ಹೇಳುತ್ತದೆ. ಯುದ್ಧದಲ್ಲಿ ಗಾಯಗೊಂಡ ಮೇಲೆ ಕತ್ತಿ ಬಿಟ್ಟು ತಂಬೂರಿ ಹಿಡಿದರು, ವ್ಯಾಸರಾಯರ ಶಿಷ್ಯರಾದರು. ಕುರುಬನೊಬ್ಬ ಶಿಷ್ಯನಾದದ್ದು ಉಳಿದ ಶಿಷ್ಯರಿಗೆ ಹೇಗೆ ಹಿಡಿಸಿತೆಂಬುದಕ್ಕೆ ಪುರಂದರದಾಸರೇ ಸಾಕ್ಷಿ: ‘ಕನಕದಾಸನ ಮೇಲೆ ದಯ ಮಾಡಲು ವ್ಯಾಸಮುನಿ ಮಠದವರೆಲ್ಲ ದೂರಿಕೊಂಬರೊ’. ಹದಿನಾರನೆಯ ಶತಮಾನದ ಈ ದೂರು ವಿಲೇವಾರಿಯಾದ ಬಗ್ಗೆ ಯಾವ ಕಡತವೂ ಸಿಗುವುದಿಲ್ಲ.

ದೂರಿಕೊಂಡವರ ಕಾಲ ಹೋಯಿತು, ಹಂಚಿಕೊಳ್ಳುವವರ ಕಾಲ ಬಂತು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಹಡಪದ ಅಪ್ಪಣ್ಣನವರು ಕಲ್ಯಾಣದಲ್ಲಿ ಬಸವಣ್ಣನವರ ಜೊತೆ ಒಂದೇ ಕಡೆ ಕೂತು ಮಾತಾಡಿದವರು. ಅವರು ಹಾಗೆ ಒಟ್ಟಿಗೆ ಕೂತದ್ದರಿಂದ ಆಡಳಿತಕ್ಕೆ ಆಗಬಹುದಾದ ತೊಡಕನ್ನು ಮನಗಂಡು ನಾವು ಒಬ್ಬೊಬ್ಬರಿಗೂ ಬೇರೆ ಬೇರೆ ದಿನಾಂಕ, ಬೇರೆ ಬೇರೆ ಭಾವಚಿತ್ರ, ಬೇರೆ ಬೇರೆ ಮೆರವಣಿಗೆಯನ್ನು ಗೊತ್ತುಪಡಿಸಿದ್ದೇವೆ. ಪಡಿತರ ಚೀಟಿಗೆ ಇಷ್ಟು ಅಕ್ಕಿ ಎಂಬಂತೆ ಸಮಾಜಕ್ಕೊಬ್ಬ ಮಹನೀಯರು. ಭಾಷಣ ಮಾತ್ರ ಎಲ್ಲರಿಗೂ ಒಂದೇ ಸಾಕಾಗುತ್ತದೆ, ಹೆಸರಿನ ಜಾಗವೊಂದನ್ನು ಖಾಲಿ ಬಿಟ್ಟುಕೊಂಡರಾಯಿತು. ಅಂದಿನ ಭಾಷಣಕಾರರಲ್ಲಿ ಒಬ್ಬರು ಹಿಂದಿನ ತಿಂಗಳ ಹಾಳೆಯನ್ನೇ ತಂದಿದ್ದರೆಂದು ಕಾಣುತ್ತದೆ; ಕನಕದಾಸರು ರಾಮಾಯಣವನ್ನು ಬರೆದು ಲೋಕಕ್ಕೆ ಉಪಕಾರ ಮಾಡಿದರೆಂದು ಅವರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು.

ಅಂದು ಬೆಳಿಗ್ಗೆ ಡೊಳ್ಳು, ಪೂರ್ಣಕುಂಭಗಳೊಡನೆ ಮೆರವಣಿಗೆ ಬಂತು. ದಾರಿಯುದ್ದಕ್ಕೂ ಫ್ಲೆಕ್ಸುಗಳಿದ್ದವು. ಒಂದೊಂದರಲ್ಲೂ ಶುಭಾಶಯ ಕೋರುವವರ ಮುಖಗಳು ದೊಡ್ಡದಾಗಿದ್ದು, ಶುಭಾಶಯ ಯಾರ ನೆಪದಲ್ಲಿ ಎಂಬುದನ್ನು ಮರೆಯದಿರಲೆಂದು ಮೇಲಿನ ಎಡಮೂಲೆಯಲ್ಲಿ ಅಂಚೆಚೀಟಿಯಷ್ಟು ಅಗಲದ ಕನಕದಾಸರು ಕಂಬಳಿ ಹೊದ್ದು ನಿಂತಿದ್ದರು. ಸಭಾಂಗಣದಲ್ಲಿ ಮೈಕ್ ಸೆಟ್ಟಿನ ಹುಡುಗ ಧ್ವನಿ ಪರೀಕ್ಷೆಗೆಂದು ‘ಕುಲ ಕುಲ ಕುಲವೆಂದು ಹೊಡೆದಾಡದಿರಿ’ ಕೀರ್ತನೆಯನ್ನು ಹಾಕಿದ. ಅದೇ ಹೊತ್ತಿಗೆ ವೇದಿಕೆಯ ಎಡತುದಿಯಲ್ಲಿ ಇಬ್ಬರು ಮುಖಂಡರು ಒಂದೇ ಕುರ್ಚಿಯ ಎರಡು ಕೈಗಳನ್ನು ಹಿಡಿದು ನಿಂತಿದ್ದರು. ಕುರ್ಚಿಯ ಬೆನ್ನಿಗೆ ಅಂಟಿಸಿದ್ದ ಹೆಸರಿನ ಚೀಟಿ ಬಿದ್ದುಹೋಗಿತ್ತು. ‘ನಿಮ್ಮ ಕುಲದ ನೆಲೆಯನೇನಾದರೂ ಬಲ್ಲಿರಾ’ ಎಂದು ಧ್ವನಿವರ್ಧಕ ಕೇಳಿದಾಗ, ಇಬ್ಬರಲ್ಲಿ ಹಿರಿಯರು ಹುಡುಗನ ಕಡೆ ತಿರುಗಿ, ‘ಮೊದಲು ಅದನ್ನು ನಿಲ್ಲಿಸಪ್ಪಾ, ಇಲ್ಲಿ ಮಾತಾಡುತ್ತಿರುವುದು ಕಾಣುವುದಿಲ್ಲವೆ’ ಎಂದು ಗದರಿದರು. ಹುಡುಗ ನಿಲ್ಲಿಸಿದ. ಕುರ್ಚಿಯೊಂದನ್ನು ಹೆಚ್ಚುವರಿಯಾಗಿ ತರಿಸಲಾಯಿತು.

ವಿಶೇಷ ಉಪನ್ಯಾಸಕ್ಕೆಂದು ಕಾಲೇಜಿನ ಮೇಷ್ಟರೊಬ್ಬರನ್ನು ಕರೆಸಿದ್ದರು. ಇಂಥ ಸಭೆಗಳಲ್ಲಿ ಉಪನ್ಯಾಸಕರ ಸ್ಥಾನವು ಮದುವೆಮನೆಯಲ್ಲಿ ಉಪ್ಪಿನಕಾಯಿ ಬಡಿಸುವವರದು. ಅವರಿಲ್ಲದೆ ಆಗುವುದಿಲ್ಲ, ಅವರ ಕಡೆ ಯಾರೂ ನೋಡುವುದಿಲ್ಲ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಪುಷ್ಪನಮನ, ಸನ್ಮಾನಗಳು ಮುಗಿದ ಮೇಲೆ ಅವರ ಪಾಲಿಗೆ ಹತ್ತು ನಿಮಿಷ ಉಳಿದಿತ್ತು. ಅವರು ‘ರಾಮಧಾನ್ಯ ಚರಿತೆ’ಯನ್ನು ಎತ್ತಿಕೊಂಡರು. ನನ್ನ ಮಟ್ಟಿಗೆ ಅಂದಿನ ಜಯಂತಿ ನಡೆದದ್ದು ಆ ಹತ್ತು ನಿಮಿಷ ಮಾತ್ರ.

ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಲ್ಲಿ ಲಂಕೆಯಿಂದ ಹಿಂದಿರುಗುವ ರಾಮ ಮುನಿಗಳ ಆಶ್ರಮವೊಂದರಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಶ್ರೇಷ್ಠ ಯಾವುದೆಂಬ ಮಾತು ಬಂದು, ಗೌತಮ ಮುನಿಗಳು ನರೆದಲೆಗವನ್ನು, ಅಂದರೆ ರಾಗಿಯನ್ನು, ಹೊಗಳುತ್ತಾರೆ. ವ್ರೀಹಿಗೆ, ಅಂದರೆ ಭತ್ತಕ್ಕೆ, ತಡೆಯಲಾಗುವುದಿಲ್ಲ. ದೇವರ ನೈವೇದ್ಯಕ್ಕೆ, ಮದುವೆಯ ಅಕ್ಷತೆಗೆ ಸಲ್ಲುವ ತನ್ನ ಎದುರು ಈ ಶೂದ್ರಾನ್ನವನ್ನು ನಿಲ್ಲಿಸುವುದೆ ಎಂದು ಅದು ಕುಲದ ಮಾತೆತ್ತುತ್ತದೆ. ನರೆದಲೆಗವೇನೂ ಸಾಧುವಲ್ಲ. ಉಳ್ಳವರ ಮನೆಯನ್ನು ಹುಡುಕಿಕೊಂಡು ಹೋಗುವವನು ನೀನು, ಬಡವರ ಮುಖ ನೋಡುವವನಲ್ಲ, ರೋಗಿಗಳಿಗೆ ಪಥ್ಯ, ಹೆಣದ ಬಾಯಿಗೆ ತುತ್ತು ಎಂದು ತಿರುಗಿ ಝಾಡಿಸುತ್ತದೆ. ದೇವತೆಗಳೂ ಮುನಿಗಳೂ ಕೂತ ಸಭೆಯಲ್ಲಿ ಜಗಳ ಇತ್ಯರ್ಥವಾಗದೆ ಹೋದಾಗ ರಾಮ ಕೊಟ್ಟ ತೀರ್ಪು ಸರಳವಾಗಿತ್ತು: ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿ. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಭತ್ತ ಸೊರಗಿತ್ತು, ರಾಗಿ ಇದ್ದಂತೆಯೇ ಇತ್ತು. ರಾಘವ ತನ್ನ ಹೆಸರನ್ನೇ ಅದಕ್ಕಿತ್ತ, ನಾಚಿ ನಿಂತ ಭತ್ತವನ್ನೂ ಸಮಾಧಾನಪಡಿಸಿ ಕಳಿಸಿದ.

ಮೇಷ್ಟರು ಈ ತೀರ್ಪಿನ ಹತ್ತಿರ ಬಂದಾಗ ನಾನು ವೇದಿಕೆಯನ್ನೊಮ್ಮೆ ನೋಡಿದೆ. ಆಮಂತ್ರಣ ಪತ್ರಿಕೆಯ ಅನುಕ್ರಮದ ಬಗ್ಗೆ ತಕರಾರು ಎತ್ತಿದ ಎಲ್ಲರನ್ನೂ ಆರು ತಿಂಗಳು ಒಂದೇ ಕಣಜದಲ್ಲಿಟ್ಟು ತೆಗೆದರೆ ಯಾರು ಉಳಿಯುತ್ತಾರೆ, ಯಾರಿಗೆ ಹುಳು ಹಿಡಿದಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ನಿರೂಪಕರು ಮೇಷ್ಟರ ಕೈಗೆ ಮಡಿಸಿದ ಚೀಟಿಯೊಂದನ್ನು ಕೊಟ್ಟರು. ಮಾನ್ಯರಿಗೆ ಬೇರೆ ಕಾರ್ಯಕ್ರಮವಿದೆ ಎಂದು ಅದರಲ್ಲಿ ಬರೆದಿದ್ದಿರಬೇಕು. ರಾಗಿಗೆ ಹೆಸರು ಸಿಕ್ಕಿತೊ ಇಲ್ಲವೊ ಎಂಬುದನ್ನು ತಿಳಿಸದೆಯೇ ಮೇಷ್ಟರು ‘ಇಷ್ಟು ಹೇಳಿ ವಿರಮಿಸುತ್ತೇನೆ’ ಎಂದು ಕೂತರು. ಅಂದಿನ ಸಭಿಕರ ಪಾಲಿಗೆ ಭತ್ತ ಮತ್ತು ರಾಗಿ ಎರಡೂ ಇನ್ನೂ ಸೆರೆಯಲ್ಲಿಯೇ ಇವೆ.

ಮಾನ್ಯರು ಎದ್ದರು. ವ್ಯಾಸರಾಯರ ಸಭೆಯಲ್ಲಿ ಮೋಕ್ಷಕ್ಕೆ ಯಾರು ಹೋಗಬಲ್ಲರು ಎಂಬ ಪ್ರಶ್ನೆ ಬಂದಾಗ ಕನಕದಾಸರು ‘ನಾನು ಹೋದರೆ ಹೋದೇನು’ ಎಂದರೆಂಬ ಕಥೆಯನ್ನು ಅವರು ಬಹಳ ಚೆನ್ನಾಗಿ ಹೇಳಿದರು. ‘ನಾನು’ ಎಂಬುದು ಹೋಗಬೇಕು, ಅದೇ ಇದರ ಒಳಗುಟ್ಟು ಎಂದು ಬಿಡಿಸಿಯೂ ತೋರಿಸಿದರು. ಆಮೇಲೆ, ನಾನು ಅಧಿಕಾರಕ್ಕೆ ಬಂದ ಮೇಲೆ ಎಂದು ಶುರುಮಾಡಿ, ನಾನು ಮಂಜೂರು ಮಾಡಿಸಿದ ರಸ್ತೆ, ನಾನು ಅಡಿಗಲ್ಲಿಟ್ಟ ಸಮುದಾಯ ಭವನ, ನಾನು ಹೇಳಿದ್ದರಿಂದ ಬಂದ ಬಸ್ಸುಗಳ ವಿವರ ಕೊಟ್ಟರು. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಗೀಟು ಹಾಕಿಕೊಂಡು ಎಣಿಸಿದೆ, ಇಪ್ಪತ್ತೇಳು ‘ನಾನು’ಗಳಾದವು. ಇಪ್ಪತ್ತೆಂಟನೆಯದು ‘ನಾನು ಹೊರಡಬೇಕಾಗಿದೆ’ ಎಂಬುದು. ಅವರು ಹೋದರು, ಅವರ ಹಿಂದೆ ವೇದಿಕೆಯ ಬಲಭಾಗ ಹೋಯಿತು, ಅದರ ಹಿಂದೆ ಸಭಾಂಗಣದ ಮುಂದಿನ ನಾಲ್ಕು ಸಾಲು ಹೋಯಿತು. ವಂದನಾರ್ಪಣೆಯನ್ನು ಮೈಕ್ ಸೆಟ್ಟಿನ ಹುಡುಗ, ನಾನು ಮತ್ತು ಊಟಕ್ಕೆ ಕಾದಿದ್ದ ಹಾಸ್ಟೆಲ್ ಹುಡುಗರು ಸ್ವೀಕರಿಸಿದೆವು.

ಊಟಕ್ಕೆ ಎರಡು ಪಂಕ್ತಿ. ಗಣ್ಯರದು ಒಳಗೆ, ಉಳಿದವರದು ಶಾಮಿಯಾನದಡಿ. ಸಹಪಂಕ್ತಿಯ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ, ಗಣ್ಯರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಬೇಗ ಹೋಗಬೇಕಾಗಿರುತ್ತದೆ. ಒಳಗಿನವರಿಗೆ ವೈದ್ಯರ ಸಲಹೆಯಂತೆ ಮುದ್ದೆ, ಹೊರಗಿನವರಿಗೆ ಅನ್ನ ಸಾರು. ಸೆರೆಯಿಂದ ಬಿಟ್ಟ ಮೇಲೆ ರಾಗಿ ಎಲ್ಲಿ ಹೋಗಿ ನೆಲೆಸಿತೆಂಬುದನ್ನು ಮೇಷ್ಟರು ಹೇಳದಿದ್ದರೂ ಹೀಗೆ ತಿಳಿದಂತಾಯಿತು.

ಕನಕದಾಸರೆಂದರೆ ಉಡುಪಿಯ ಕಿಂಡಿಯನ್ನು ನೆನೆಯದೆ ಯಾರಿಗೂ ಮುಗಿಯುವುದಿಲ್ಲ. ಒಳಗೆ ಬಿಡದಿದ್ದಾಗ ಅವರು ಗುಡಿಯ ಹಿಂದೆ ನಿಂತು ಹಾಡಿದರೆಂದೂ ಗೋಡೆ ಬಿರಿದು ಕೃಷ್ಣ ಪಶ್ಚಿಮಕ್ಕೆ ತಿರುಗಿದನೆಂದೂ ಕಥೆ. ನಡೆದದ್ದು ಹಾಗೆಯೋ ಹೀಗೆಯೋ ಎಂದು ವಿದ್ವಾಂಸರು ಬಡಿದಾಡಿಕೊಂಡು ಬಹಳ ಕಾಲವಾಯಿತು. ನನಗೆ ಸೋಜಿಗವೆನಿಸುವುದು ಬೇರೆ. ದೇವರು ತಿರುಗಿದ್ದಕ್ಕೆ ನಾವು ಐನೂರು ವರ್ಷಗಳಿಂದ ಕೈಮುಗಿಯುತ್ತಿದ್ದೇವೆ. ಬಾಗಿಲಲ್ಲಿ ತಡೆದವರು ತಿರುಗಿದರೋ ಎಂದು ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಸಿಕ್ಕಿದ ಹೊನ್ನನ್ನು ಸುರಿದು ಬಂದವರು ಇಣುಕಿದ ಆ ಕಿಂಡಿಗೆ 2025ರ ನವೆಂಬರಿನಲ್ಲಿ ಚಿನ್ನದ ಕವಚವೂ ಬಂತು. ಬಾಗಿಲಿಗಿಂತ ಕಿಂಡಿಯನ್ನು ಸಿಂಗರಿಸುವುದು ಯಾವಾಗಲೂ ಸುಲಭ.

ಆ ಶುಕ್ರವಾರ ಊಟ ಮುಗಿಸಿ ಬಸ್ ನಿಲ್ದಾಣದ ಕಡೆ ಹೊರಟಾಗ ನಡುವೆ ಕಚೇರಿಯೊಂದು ಸಿಕ್ಕಿತು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೊಡುವಂಥದು. ಬೀಗ ಹಾಕಿದ ಬಾಗಿಲಿನ ಮುಂದೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಮುದುಕರೊಬ್ಬರು, ಪಾಲಿಥೀನ್ ಚೀಲದಲ್ಲಿ ಕಾಗದಗಳನ್ನು ಹಿಡಿದ ಹುಡುಗಿಯೊಬ್ಬಳು ನಿಂತಿದ್ದರು.

‘ಇವತ್ತು ಆಪೀಸಿಲ್ವಾ ಸ್ವಾಮಿ?’ ಎಂದು ಮುದುಕರು ಕೇಳಿದರು.

‘ರಜ ಯಜಮಾನರೆ. ಕನಕ ಜಯಂತಿ.’

‘ನಾಳೀಕೆ?’

ನಾಳೆ ಎರಡನೇ ಶನಿವಾರವೆಂದೂ ನಾಡಿದ್ದು ಭಾನುವಾರವೆಂದೂ ಹೇಳಿದೆ. ಮೊಮ್ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಶನಿವಾರವೇ ಕೊನೆಯ ದಿನವಂತೆ. ಮೊದಲು ಮಾಡಿಸಿದ್ದ ಪ್ರಮಾಣಪತ್ರವಿತ್ತು, ಆದರೆ ಐದು ವರ್ಷದ ಅವಧಿ ಮುಗಿದಿತ್ತು. ಆ ಕಾಗದ ಆ ಹುಡುಗಿಗೆ ನ್ಯಾಯವಾಗಿ ಸಲ್ಲಬೇಕಾದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಕುಲದ ನೆಲೆ ಬಲ್ಲಿರಾ ಎಂಬ ಪ್ರಶ್ನೆಗೆ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯ ಸಮೇತ ಉತ್ತರ ಕೊಡುವ ಕಚೇರಿಯು ಪ್ರಶ್ನೆ ಕೇಳಿದವರ ಹುಟ್ಟುಹಬ್ಬದ ದಿನವೇ ಮುಚ್ಚಿರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಕಿಟಕಿಯ ಒಂದು ಬಾಗಿಲು ಪೂರ್ತಿ ಕೂಡಿಕೊಂಡಿರಲಿಲ್ಲ. ಬೆರಳಗಲದ ಸಂದಿ. ಮುದುಕರು ಅದಕ್ಕೆ ಕಣ್ಣು ಹಚ್ಚಿದರು, ‘ಯಾರೋ ಅವ್ರೆ ಒಳ್ಗೆ’ ಎಂದರು. ನಾನೂ ಬಗ್ಗಿ ನೋಡಿದೆ. ಬಟ್ಟೆ ಮುಚ್ಚಿದ ಕಂಪ್ಯೂಟರು, ಅದರ ಪಕ್ಕದ ಕುರ್ಚಿಯ ಮೇಲೆ, ಬೆಳಿಗ್ಗೆ ಸಿಬ್ಬಂದಿ ಬಂದು ಸುತ್ತೋಲೆಯಂತೆ ಪೂಜೆ ಮಾಡಿ ಬೀಗ ಹಾಕಿಕೊಂಡು ಹೋದ ಕನಕದಾಸರ ಭಾವಚಿತ್ರ. ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಫ್ಯಾನು ಆರಿಸುವುದನ್ನು ಮರೆತಿದ್ದರು.

ದೂರದ ಸಭಾಂಗಣದಲ್ಲಿ ಸಾಮಾನು ಕಟ್ಟುತ್ತಿದ್ದ ಮೈಕ್ ಸೆಟ್ಟಿನ ಹುಡುಗ ಮತ್ತೊಂದು ಕೀರ್ತನೆ ಹಾಕಿದ್ದ. ‘ಬಾಗಿಲನು ತೆರೆದು ಸೇವೆಯನು ಕೊಡೊ ಹರಿಯೆ’ ಎಂಬುದು ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು. ಮುದುಕರು ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಸಂದಿಯ ಕಡೆಗೆ ಕೈಮುಗಿದು, ‘ಸ್ವಾಮಾರ ಬತ್ತೀವಿ’ ಎಂದರು. ನನಗೆ ಹೇಳಿದರೋ ಒಳಗಿದ್ದವರಿಗೆ ಹೇಳಿದರೋ ತಿಳಿಯಲಿಲ್ಲ. ಹುಡುಗಿ ಚೀಲದ ಬಾಯಿಗೆ ರಬ್ಬರ್ ಬ್ಯಾಂಡು ಸುತ್ತುತ್ತಿದ್ದಳು.