ನನ್ನ ಭುಜದ ವಸಂತ ಶಿಬಿರ

ಎರಡು ವಾರಗಳಿಂದ ನಾನು ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೇನೆ. ಬೈತಲೆ ದಿನಕ್ಕೊಂದು ದಿಕ್ಕು ಹಿಡಿಯುತ್ತದೆ. ಏನಾಯಿತೆಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ "ಬೇಸ್‌ಬಾಲ್" ಎಂದಷ್ಟೇ ಹೇಳಿ ದೂರ ನೋಡುತ್ತೇನೆ. ಕೇಳಿದವರು ಗೌರವದಿಂದ ತಲೆಯಾಡಿಸಿ ಹೋಗುತ್ತಾರೆ. ಪಕ್ಕದಲ್ಲಿ ಹೆಂಡತಿ ಇದ್ದಾಗ ಮಾತ್ರ ಪೂರ್ತಿ ಕಥೆ ಹೊರಬರುತ್ತದೆ. ಅವಳು ಊರಿಗೆಲ್ಲ ಹೇಳುವ ಮೊದಲು ನಾನೇ ಬರೆದುಬಿಡುವುದು ಕ್ಷೇಮ.

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕ. ಇಲ್ಲಿ ಫೆಬ್ರವರಿ ಮಧ್ಯದ ಹೊತ್ತಿಗೆ ನೆರೆಮನೆಯ ಅಜ್ಜ ಬೇಲಿಯ ಮೇಲಿಂದ ಇಣುಕಿ, "ಪಿಚರ್‌ಗಳೂ ಕ್ಯಾಚರ್‌ಗಳೂ ಬಂದರಂತೆ" ಎನ್ನುತ್ತಾನೆ. ಮಾರುಕಟ್ಟೆಗೆ ಬಾದಾಮಿ ಮಾವು ಬಂತಂತೆ ಎಂದು ನಮ್ಮ ಕಡೆ ಹೇಳುವ ದನಿಯಲ್ಲಿ. ಪಿಚರ್ ಎಂದರೆ ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು, ಕ್ಯಾಚರ್ ಎಂದರೆ ಬ್ಯಾಟಿನ ಹಿಂದೆ ಕುಳಿತು ಅದನ್ನು ಹಿಡಿಯುವವನು. ಋತುವಿಗೆ ಮುಂಚಿನ ಅಭ್ಯಾಸಕ್ಕೆ, ಅಂದರೆ ವಸಂತ ಶಿಬಿರಕ್ಕೆ, ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ 30 ತಂಡಗಳಲ್ಲಿ ಅರ್ಧ ಫ್ಲಾರಿಡಾಕ್ಕೆ ಹೋಗುತ್ತವೆ, ಅರ್ಧ ನಮ್ಮಲ್ಲಿಗೆ ಬರುತ್ತವೆ. ಹದಿನೈದು ತಂಡ, ಹತ್ತು ಮೈದಾನ, ಎಲ್ಲವೂ ಫೀನಿಕ್ಸ್ ಸುತ್ತಮುತ್ತ. ಬ್ಯಾಟು ಬೀಸುವವರು ಕೆಲವು ದಿನ ತಡವಾಗಿ ಬಂದರೂ ನಡೆಯುತ್ತದೆ. ಪಿಚರ್‌ಗಳು ಮಾತ್ರ ಮೊದಲೇ ಹಾಜರಾಗಬೇಕು, ಏಕೆಂದರೆ ತೋಳು ಹದಕ್ಕೆ ಬರಲು ಆರು ವಾರ ಬೇಕು. ಮೊದಲು ಸಮನೆಲದಲ್ಲಿ ಎಸೆತ, ಆಮೇಲೆ ದಿಬ್ಬದ ಮೇಲಿಂದ ಕ್ಯಾಚರ್‌ಗೆ, ಆಮೇಲೆ ಎದುರಿಗೆ ಬ್ಯಾಟು ಹಿಡಿದವನೊಬ್ಬ. ಪಂದ್ಯ ಶುರುವಾದ ಮೇಲೂ ಮೊದಲ ಸಲ ಒಂದೋ ಎರಡೋ ಇನಿಂಗ್ಸ್ (ಇಲ್ಲಿ ಪಂದ್ಯಕ್ಕೆ ಒಂಬತ್ತು), ಐದು ದಿನ ಬಿಟ್ಟು ಇನ್ನೊಂದು ಹೆಚ್ಚು. ಮಾರ್ಚ್ ಕೊನೆಗೆ ಐದಾರು ಇನಿಂಗ್ಸ್ ಎಳೆಯುವ ತೋಳು ತಯಾರು. ಉದ್ದಿನ ಹಿಟ್ಟು ಹುಳಿ ಬರುವಷ್ಟೇ ತಾಳ್ಮೆಯ ಕೆಲಸ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಮಾತ್ರವಲ್ಲ, ಮಾವನವರಿಗೆ ಮೂರು ದಿನ ಪಾಠವನ್ನೂ ಮಾಡಿದ್ದೆ. ನಾಚಿಕೆಯ ವಿಷಯ ಇರುವುದು ಅಲ್ಲಿಯೇ.

ಮಾವನವರು ಮೈಸೂರಿನವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರು, ಕಾಲೇಜಿನ ದಿನಗಳಲ್ಲಿ ಲೆಗ್ ಸ್ಪಿನ್ನರು. ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದವರಿಗೆ ಮರುಭೂಮಿಯಲ್ಲಿ ಏನು ತೋರಿಸುವುದೆಂದು ತಿಳಿಯದೆ, ಒಂದು ಭಾನುವಾರ ಮೆಸಾದಲ್ಲಿ ನಡೆಯುವ ಅಭ್ಯಾಸ ಪಂದ್ಯಕ್ಕೆ ಟಿಕೆಟ್ ತಂದೆ. ಕುರ್ಚಿಯದಲ್ಲ, ಮೈದಾನದ ಹಿಂಬದಿಯ ಹುಲ್ಲಿನ ಇಳಿಜಾರಿನದು. ಅಗ್ಗ, ಜಮಖಾನ ಹಾಸಿ ಕಾಲು ಚಾಚಬಹುದು. ಮಾವನವರು ಹುಣ್ಣಿಮೆ ಊಟಕ್ಕೆ ಹೊರಟವರಂತೆ ಪುಳಿಯೋಗರೆ ಕಟ್ಟಿಸಿಕೊಂಡರು. ಬಾಗಿಲಲ್ಲಿ ಕಾವಲಿನವನು ಡಬ್ಬಿ ತೆಗೆಸಿ, ಮೂಸಿ, ಇನ್ನೊಬ್ಬನನ್ನು ಕರೆದು ಅವನಿಗೂ ಮೂಸಿಸಿ, ಕೊನೆಗೆ ಒಳಗೆ ಬಿಟ್ಟ. ಇಂಗಿನ ವಾಸನೆಗೆ ನಿಯಮಾವಳಿಯಲ್ಲಿ ಯಾವ ಕಲಮೂ ಇದ್ದಂತಿರಲಿಲ್ಲ.

ಇಳಿಜಾರಿನ ಬುಡದಲ್ಲಿ ಬೇಲಿ, ಬೇಲಿಯ ಆಚೆ ಬುಲ್‌ಪೆನ್. ಅಂದರೆ ಪಂದ್ಯದ ನಡುವೆ ಇಳಿಯಬೇಕಾದ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಜಾಗ. "ಗೂಳಿ ದೊಡ್ಡಿ" ಎಂದು ಮಾವನವರು ತಕ್ಷಣ ಕನ್ನಡಕ್ಕೆ ತಂದರು. ಜಮಖಾನ ಹಾಸುವಷ್ಟರಲ್ಲಿ ನಮ್ಮ ಡಬ್ಬಿ ಕೈಜಾರಿ, ಅಡ್ಡಬಿದ್ದು, ಗಡಗಡ ಉರುಳುತ್ತ ನೆಟ್ಟಗೆ ದೊಡ್ಡಿಯ ಬೇಲಿಗೆ ಬಡಿಯಿತು. ಒಳಗೆ ಸಾಲಾಗಿ ಕುಳಿತಿದ್ದ ಏಳೆಂಟು ಆಜಾನುಬಾಹುಗಳು ಒಟ್ಟಿಗೆ ತಿರುಗಿ ನೋಡಿದರು. ಮುಚ್ಚಳ ಬಿಗಿಯಾಗಿತ್ತು, ಮರ್ಯಾದೆ ಉಳಿಯಿತು.

ಆ ಬೇಲಿಯ ಪಕ್ಕ ನಿಂತು ಕೇಳಿದ ಸದ್ದನ್ನು ಮಾತ್ರ ನಾನು ಮರೆಯುವುದಿಲ್ಲ. ಟಿವಿಯಲ್ಲಿ ಅದು ಕೇಳುವುದಿಲ್ಲ. ಪಿಚರ್ ಕಾಲೆತ್ತಿ ಮುಂದಕ್ಕೆ ಬೀಳುತ್ತಾನೆ, ಏನೋ ಸುಯ್ಯೆನ್ನುತ್ತದೆ, ಕ್ಯಾಚರ್‌ನ ಚರ್ಮದ ಗವಸಿನಲ್ಲಿ ಥಟ್ಟೆಂದು ಬಾಗಿಲು ಹಾಕಿದ ಸದ್ದು. ನಡುವೆ ಚೆಂಡು ಕಂಡಿತೆಂದು ನಾನು ಆಣೆ ಮಾಡಲಾರೆ. ಗಂಟೆಗೆ 95 ಮೈಲಿ ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಬಳಿ ಇರುತ್ತದೆ. ದೂರ 60 ಅಡಿ 6 ಅಂಗುಲ. "ನಮ್ಮದು 66 ಅಡಿ" ಎಂದರು ಮಾವನವರು, ಆ ಐದೂವರೆ ಅಡಿಯನ್ನು ಖುದ್ದಾಗಿ ಅಳೆದು ಕೊಟ್ಟವರಂತೆ. ಒಬ್ಬ ಪಿಚರ್ ಎಸೆಯುವುದನ್ನು ನಿಲ್ಲಿಸಿ, ಚೆಂಡಿನ ಹೊಲಿಗೆಯ ಮೇಲೆ ಎರಡು ಬೆರಳು ಹೇಗೆ ಕೂರಬೇಕೆಂದು ಪಕ್ಕದವನಿಗೆ ತೋರಿಸುತ್ತಿದ್ದ. ಬೆರಳನ್ನು ಒಂದು ಕೂದಲೆಳೆಯಷ್ಟು ಸರಿಸಿದ. ಇನ್ನೊಬ್ಬ ನೋಡಿ, ತಾನೂ ಸರಿಸಿಕೊಂಡ. ಮಾವನವರು ಬೇಲಿಗೆ ಮೂಗು ತಾಗಿಸಿ ನಿಂತುಬಿಟ್ಟರು. ಅವರ ಬಲಗೈ ಬೆರಳುಗಳು ತಮ್ಮಷ್ಟಕ್ಕೆ ಗೂಗ್ಲಿಗೆ ಮಡಚಿಕೊಂಡದ್ದನ್ನು ನಾನು ಕಂಡೆ.

"ಪಿಚಿಂಗ್ ಸ್ಟಾಫ್" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರೊಳಗಿನ ಬ್ಯಾಂಕ್ ಮ್ಯಾನೇಜರ್ ಎದ್ದು ಕುಳಿತರು.

"ಒಟ್ಟು ಎಷ್ಟು ಜನ ಸ್ಟಾಫ್?"

"ಈಗ ಶಿಬಿರದಲ್ಲಿ ಮೂವತ್ತರ ಆಸುಪಾಸು ಪಿಚರ್‌ಗಳು ಇರುತ್ತಾರೆ, ಮಾವ. ಋತು ಶುರುವಾದಾಗ 26 ಜನರ ತಂಡದಲ್ಲಿ 13ಕ್ಕಿಂತ ಹೆಚ್ಚು ಪಿಚರ್‌ಗಳನ್ನು ಇಟ್ಟುಕೊಳ್ಳುವಂತಿಲ್ಲ."

"ಉಳಿದವರು?"

"ಕೆಳಗಿನ ಲೀಗ್‌ಗೆ ಹೋಗುತ್ತಾರೆ. ಕೆಲವರು ಮನೆಗೆ. 40 ಜನರ ಒಂದು ಪಟ್ಟಿ ಇರುತ್ತದೆ. ಅದರಲ್ಲಿಲ್ಲದೆ ಬರೀ ಆಹ್ವಾನದ ಮೇಲೆ ಬಂದವರೂ ಇದ್ದಾರೆ."

"ಹಂಗಾಮಿ ನೌಕರರು!" ಎಂದರು ಮಾವನವರು. ಅಲ್ಲಿಂದಾಚೆ ಅವರಿಗೆ ಬೇಸ್‌ಬಾಲ್‌ನಲ್ಲಿ ಅರ್ಥವಾಗದ್ದು ಏನೂ ಉಳಿಯಲಿಲ್ಲ.

ಒಂದು ಉಳಿದಿತ್ತು. ಪಂದ್ಯ ನಡೆಯುತ್ತಿರುವಾಗಲೇ ಮೈದಾನದ ಅಂಚಿನಲ್ಲಿ ಇಬ್ಬರು ಉದ್ದಕ್ಕೆ ಓಡುತ್ತಿದ್ದರು. ತಮ್ಮ ಪಾಲಿನ ಇನಿಂಗ್ಸ್ ಮುಗಿಸಿದ ಪಿಚರ್‌ಗಳು, ವ್ಯಾಯಾಮ ಮುಗಿಸಿ ಮನೆಗೆ ಹೋಗುವ ಅವಸರ. "ಪೊಲೀಸರು ಹಿಡಿಯುವುದಿಲ್ಲವೇ?" ಎಂದು ಮಾವನವರು ಗಾಬರಿಯಾದರು. ಆಟಗಾರರ ಹೆಸರುಗಳನ್ನು ಡೈರಿಯಲ್ಲಿ ಬರೆದುಕೊಂಡು ಸ್ಕೋರ್ ಹಾಕಲು ಕುಳಿತಿದ್ದವರು, ಐದನೆಯ ಇನಿಂಗ್ಸಿನಲ್ಲಿ ಎರಡೂ ಕಡೆಯವರು ಮುಕ್ಕಾಲು ತಂಡ ಬದಲಿಸಿದಾಗ ಪೆನ್ನಿನ ಮುಚ್ಚಳ ಹಾಕಿ ಪುಳಿಯೋಗರೆ ಬಿಚ್ಚಿದರು.

ಮೊದಲು ಬಂದವನು ದೊಡ್ಡ ಹೆಸರಿನ ಪಿಚರ್. ಐದು ರನ್ ಕೊಟ್ಟು, ನಗುತ್ತ, ಯಾರದೋ ಬೆನ್ನು ತಟ್ಟಿ ಹೋದ. "ಐದು ಕೊಟ್ಟು ನಗುತ್ತಾನಲ್ಲ!" ಎಂದು ಮಾವನವರಿಗೆ ತಡೆಯಲಾಗಲಿಲ್ಲ. ಅವನು ಹೊಸ ಚೇಂಜ್‌ಅಪ್ ಒಂದನ್ನು, ಅಂದರೆ ವೇಗದ್ದೆಂದು ನಂಬಿಸಿ ನಿಧಾನವಾಗಿ ಬರುವ ಎಸೆತವನ್ನು, ಪರೀಕ್ಷಿಸುತ್ತಿದ್ದಿರಬಹುದು, ಬರೀ ಅದನ್ನೇ ಎಸೆದಿರಬಹುದು, ಸಾಲದ್ದಕ್ಕೆ ಅರಿಜೋನಾದ ಒಣಗಾಳಿಯಲ್ಲಿ ಚೆಂಡು ಸರಿಯಾಗಿ ತಿರುಗುವುದಿಲ್ಲ, ಹೊಡೆದರೆ ದೂರ ಹಾರುತ್ತದೆ, ಮಾರ್ಚ್‌ನ ಅಂಕಿಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದೆ. ಎಂಟನೆಯ ಇನಿಂಗ್ಸಿಗೆ ಬಂದವನ ಬೆನ್ನ ಮೇಲೆ ಎಂಬತ್ತರ ಮೇಲಿನ ಯಾವುದೋ ಸಂಖ್ಯೆ, ಹೆಸರೇ ಇಲ್ಲ. ಅವನು ಕೊಟ್ಟದ್ದು ಒಂದೇ ರನ್. ಇಳಿದು ಹೋಗುವಾಗ ಮುಖವನ್ನು ಗವಸಿನಲ್ಲಿ ಮುಚ್ಚಿಕೊಂಡಿದ್ದ. ಮಾವನವರು ಅನ್ನದ ತುತ್ತನ್ನು ಕೈಯಲ್ಲೇ ಹಿಡಿದು, "ಇವನಿಗೆ ಲೆಕ್ಕ ಇದೆ, ಅಲ್ಲವೇ?" ಎಂದರು. ಮೂರು ದಿನದ ನನ್ನ ಪಾಠದಲ್ಲಿ ಇದೊಂದು ವಾಕ್ಯ ಇರಲಿಲ್ಲ.

"ನಮ್ಮವರು ಯಾರೂ ಇಲ್ಲವೇ?" ಎಂದೂ ಕೇಳಿದರು. 2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಹುಡುಗರನ್ನು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಪಿಟ್ಸ್‌ಬರ್ಗ್ ತಂಡ ಪಿಚರ್‌ಗಳಾಗಿ ಸೇರಿಸಿಕೊಂಡಿತ್ತು. ಜಾವೆಲಿನ್ ಎಸೆಯುತ್ತಿದ್ದವರು. ರಿಂಕು ಹಲವು ವರ್ಷ ಕೆಳಗಿನ ಲೀಗ್‌ಗಳಲ್ಲಿ ಉಳಿದು, ಕೊನೆಗೆ ಟಿವಿಯ ಕುಸ್ತಿಗೆ ಹೋದ. "ಗರಡಿಯೇ ವಾಸಿ" ಎಂದು ಮೈಸೂರಿನ ಹಿರಿಯರು ತೀರ್ಪು ಕೊಟ್ಟರು.

ಬೇಲಿಯ ಮೇಲೆ ಕಾಡುಪಾರಿವಾಳಗಳು ಕುಳಿತಿದ್ದವು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. 2001ರ ಮಾರ್ಚ್ 24ರಂದು ಇದೇ ಅರಿಜೋನಾದ ಟೂಸಾನ್‌ನಲ್ಲಿ, ಇಂಥದ್ದೇ ಅಭ್ಯಾಸ ಪಂದ್ಯದಲ್ಲಿ, ರ‍್ಯಾಂಡಿ ಜಾನ್ಸನ್ ಎಂಬ ಪಿಚರ್ ಎಸೆದ ಚೆಂಡಿಗೆ ಪಾರಿವಾಳವೊಂದು ಅಡ್ಡ ಹಾರಿ ಬಂದು, ಗರಿಗಳ ಒಂದು ಮೋಡವಾಗಿ ಹೋದ ಕಥೆ ಹೇಳಿದೆ. ಮಾವನವರು "ರಾಮ ರಾಮ" ಎಂದು ಕಣ್ಣು ಮುಚ್ಚಿದರು. ಒಂದು ಕ್ಷಣದ ಮೇಲೆ ಕ್ರಿಕೆಟಿಗ ಎಚ್ಚತ್ತ. "ಅಂಪೈರ್ ಏನು ಕೊಟ್ಟರು?"

"ಆ ಎಸೆತ ಲೆಕ್ಕಕ್ಕಿಲ್ಲ ಎಂದರು."

"ಹಕ್ಕಿಗೂ ಹಾಗೆ ಹೇಳಿ ನೋಡಬೇಕಿತ್ತು" ಎಂದರು.

ಇನ್ನು ಭುಜದ ವಿಷಯ. ಹೊರಬರುವ ದಾರಿಯಲ್ಲಿ ಒಂದು ಬಲೆಯ ಗೂಡು, ಒಳಗೆ ವೇಗ ಅಳೆಯುವ ಯಂತ್ರ. ಮೂರು ಎಸೆತಕ್ಕೆ ಇಷ್ಟು ಎಂದು ದುಡ್ಡು. ಹನ್ನೊಂದು ವರ್ಷದ ಮಗ ಎಸೆದ, ಫಲಕದಲ್ಲಿ 46 ಮೂಡಿತು. ಅಪ್ಪನಾದವನು ಅದನ್ನು ನೋಡಿಕೊಂಡು ಕಾರಿನ ಕಡೆ ನಡೆಯಬೇಕು. ನಾನು ಅಂಗಿಯ ತೋಳು ಮಡಚಿದೆ. ಮೊದಲ ಎಸೆತ 38. ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ಎರಡನೆಯದು 41. ಹಿಂದೆ ಸರದಿಯಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು, ಕೈಕೂಸಿಗೆ ತಟ್ಟುವ ಹಾಗೆ. ಮೂರನೆಯದಕ್ಕೆ ಕಾಲನ್ನು ಆ ಬುಲ್‌ಪೆನ್ನಿನವರಂತೆ ಎದೆಯವರೆಗೆ ಎತ್ತಿದೆ. ಭುಜದೊಳಗೆ ಎಳೆ ಸೌತೆಕಾಯಿ ಮುರಿದ ಸದ್ದು. ಫಲಕದಲ್ಲಿ ಏನೂ ಮೂಡಲಿಲ್ಲ, ಏಕೆಂದರೆ ಚೆಂಡು ಪರದೆಯವರೆಗೆ ಹೋಗಲೇ ಇಲ್ಲ. ನನ್ನ ಪಾದದ ಬಳಿಯೇ ಇತ್ತು.

ವೈದ್ಯರು ತೋಳನ್ನು ಎತ್ತಿ ಇಳಿಸಿ, "ಯಾವ ಮಟ್ಟದಲ್ಲಿ ಆಡುತ್ತೀರಿ?" ಎಂದು ಕೇಳಿದರು. ನಾನು ಯೋಚಿಸುತ್ತಿರುವಾಗಲೇ ಮಗ, "ಇವರು ಆಡುವುದಿಲ್ಲ, ನೋಡಲು ಹೋಗಿದ್ದರು" ಎಂದ. ಹೆಂಡತಿ ಕಾರಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟಳು. "ರೀ, ಅವರು ಆರು ವಾರ ಮಾಡುವುದನ್ನು ನೀವು ಆರು ಸೆಕೆಂಡಿನಲ್ಲಿ ಮುಗಿಸಿದಿರಲ್ಲ!"

ನಾನು ಸಮಾಧಾನಕ್ಕೆ ಇತಿಹಾಸದ ಮೊರೆ ಹೋದೆ. 1994ರ ವಸಂತ ಶಿಬಿರದಲ್ಲಿ, ಮಿಲ್ವಾಕಿ ತಂಡ ನಮ್ಮ ಚಾಂಡ್ಲರ್‌ನಲ್ಲೇ ಅಭ್ಯಾಸ ಮಾಡುತ್ತಿದ್ದಾಗ, ಸ್ಟೀವ್ ಸ್ಪಾರ್ಕ್ಸ್ ಎಂಬ ಪಿಚರ್ ದಪ್ಪ ಟೆಲಿಫೋನ್ ಡೈರೆಕ್ಟರಿಯನ್ನು ಕೈಯಲ್ಲಿ ಹರಿಯಲು ಹೋಗಿ ಭುಜ ಕಳಚಿಕೊಂಡಿದ್ದ. ಸ್ಫೂರ್ತಿ ತುಂಬಲು ಬಂದ ಬಲಶಾಲಿಗಳು ಹರಿದು ತೋರಿಸಿದ್ದರಂತೆ. 2001ರಲ್ಲಿ ಆಡಂ ಈಟನ್ ಡಿವಿಡಿಯ ಪ್ಲಾಸ್ಟಿಕ್ ಸುತ್ತು ಬಿಚ್ಚಲು ಚಾಕು ಹಿಡಿದು ಹೊಟ್ಟೆಗೆ ತಿವಿದುಕೊಂಡ. ಡೆಟ್ರಾಯಿಟ್‌ನ ಜೋಯೆಲ್ ಜುಮಾಯಾಗೆ 2006ರಲ್ಲಿ ಕೈನೋವು ಬಂದದ್ದು ವಿಡಿಯೊ ಗೇಮಿನ ಗಿಟಾರ್ ಬಾರಿಸಿ. ಕೋಟಿಗಟ್ಟಲೆ ಬೆಲೆಯ ತೋಳುಗಳೇ ಹೀಗಾದರೆ ನನ್ನದು ಯಾವ ಲೆಕ್ಕ ಎಂದೆ.

"ಚಂದ್ರಶೇಖರ್ ನಮ್ಮೂರಿನವರು" ಎಂದರು ಮಾವನವರು, ಕಾಫಿ ಲೋಟ ಕೆಳಗಿಡದೆ. "ಪೋಲಿಯೊ ಬಡಿದ ಅದೇ ಬಲಗೈಯಲ್ಲಿ 242 ಟೆಸ್ಟ್ ವಿಕೆಟ್." ಆಮೇಲೆ ನಾನು ಇತಿಹಾಸ ಬಿಟ್ಟೆ. ಎಡಗೈ ಪಿಚರ್ ಟಾಮಿ ಜಾನ್ ಒಬ್ಬನನ್ನು ಮಾತ್ರ ಅವರು ಒಪ್ಪಿದರು. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಅವನ ಬಲಗೈಯ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಟ್ಟಿದರು. ಅವನು ಆಮೇಲೂ 164 ಪಂದ್ಯ ಗೆದ್ದ. "ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಜಮಾ. ಲೆಕ್ಕ ಸರಿಯಾಗಿದೆ" ಎಂದರು.

ಮನೆಯಲ್ಲೀಗ ನಾನು ಗಾಯಾಳುಗಳ ಪಟ್ಟಿಯಲ್ಲಿದ್ದೇನೆ. ಪಿಚರ್‌ಗಳಿಗೆ ಆ ಪಟ್ಟಿ ಕನಿಷ್ಠ 15 ದಿನದ್ದು, ಗಂಭೀರವಾದರೆ 60 ದಿನದ್ದು. ಪಾತ್ರೆ ತೊಳೆಯುವ ಸರದಿ ನನ್ನಿಂದ ಮಗನಿಗೆ ಹೋದುದರಿಂದ ನಾನು 60ರದ್ದನ್ನೇ ಬಯಸಿದ್ದೆ. ಮಾವನವರು 15ಕ್ಕೆ ಸಹಿ ಹಾಕಿದರು. ದಿನವೂ ನೀಲಗಿರಿ ಎಣ್ಣೆ ತಿಕ್ಕಿದರು, ಡೈರಿಯಲ್ಲಿ ತೋಳು ಎಷ್ಟು ಮೇಲೆ ಹೋಯಿತೆಂದು ಬರೆದರು: ಸೊಂಟ, ಎದೆ, ಕಿವಿ. ಸ್ಕೋರ್ ಹಾಕುವ ಅವರ ಹಂಬಲಕ್ಕೆ ಕೊನೆಗೂ ನಡುವೆ ಬದಲಾಗದ ಒಬ್ಬ ಆಟಗಾರ ಸಿಕ್ಕಿದ್ದ.

ನಿನ್ನೆ ಸಂಜೆ ಹಿತ್ತಿಲಲ್ಲಿ ನನ್ನ ಮೊದಲ ಎಸೆತ. ಮಗ ಗವಸು ಹಾಕಿ ಇಪ್ಪತ್ತು ಅಡಿ ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಮಾವನವರ ಕೈಯಲ್ಲಿ ಅಡುಗೆಮನೆಯ ಟೈಮರ್. 2023ರಿಂದ ಪಿಚರ್‌ಗಳಿಗೆ ಗಡಿಯಾರ ಬಂದಿದೆ, ಬೇಸ್‌ಗಳಲ್ಲಿ ಎದುರಾಳಿ ಓಟಗಾರರು ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಎಸೆತ ಶುರು ಮಾಡಬೇಕು ಎಂದು ಹೇಳಿಕೊಟ್ಟದ್ದು ನಾನೇ. ನಮ್ಮ ಬ್ಯಾಂಕಿನ ಕೌಂಟರಿಗೆ ಇದು ಬರಬೇಕಿತ್ತು ಎಂದು ಅವರು ಅಂದೇ ಕೊರಗಿದ್ದರು.

ನಾನು ಕೈ ಎತ್ತಿದೆ. ಹಿಂದಿನ ಗೋಡೆಯ ಮೇಲೆ ನಾಲ್ಕು ಕಾಡುಪಾರಿವಾಳಗಳು ಕುಳಿತಿದ್ದವು.

"ಇರಿ ಅಳಿಯಂದಿರೇ!" ಮಾವನವರು ಟೈಮರ್ ನಿಲ್ಲಿಸಿ, ಗೋಡೆಯ ಕಡೆ ತಿರುಗಿ, ಜೋರಾಗಿ ಚಪ್ಪಾಳೆ ತಟ್ಟಿದರು. "ಉಶ್! ಹೋಗಿ, ಹೋಗಿ!"

ಹಕ್ಕಿಗಳು ನನ್ನನ್ನೊಮ್ಮೆ ನೋಡಿ, ಗರಿ ಕೊಡವಿ, ಮತ್ತೆ ಆರಾಮವಾಗಿ ಕುಳಿತವು. ಚೆಂಡು ಎರಡು ಸಲ ನೆಲಕ್ಕೆ ಕುಪ್ಪಳಿಸಿ, ಮಗನ ಎಡಕ್ಕೆ ನಾಲ್ಕಡಿ ದೂರದ ಕರಿಬೇವಿನ ಕುಂಡದ ಬುಡದಲ್ಲಿ ನಿಂತಿತು.

"ವೈಡ್" ಎಂದು ಮಾವನವರು ಎರಡೂ ಕೈ ಚಾಚಿ, ಡೈರಿ ತೆಗೆದರು.