ಮುತ್ತಜ್ಜನಿಗೂ ಬರದ ಬಿ1

ನಮ್ಮ ಬರ್ಲಿನ್ ಆಫೀಸಿನ ಊಟದ ಕೋಣೆಯಲ್ಲಿ ಆರು ತಿಂಗಳಿಂದ ಒಬ್ಬ ಮೊಟ್ಟೆ ಎಣಿಸುತ್ತಿದ್ದಾನೆ. ಕೋಳಿ ಸಾಕಿಲ್ಲ. ಪೌರತ್ವಕ್ಕೆ ಅರ್ಜಿ ಹಾಕುವವನಿದ್ದಾನೆ.

"ನೋವ ನೆ ತ್ರೆಬುಯೆ ನೋವ ಓವ" ಅನ್ನುತ್ತಾನೆ, ಬಾಯಲ್ಲಿ ಅರ್ಧ ಬ್ರೆಡ್ ಇಟ್ಟುಕೊಂಡೇ. ನಮಗೆ ಒಂಬತ್ತು ಮೊಟ್ಟೆ ಬೇಕು ಎಂದರ್ಥ. ರೊಮೇನಿಯನ್ ಭಾಷೆಯಲ್ಲಿ ನೋವ ಅಂದರೆ ಒಂಬತ್ತು. ನೋವ ಅಂದರೆ ನಮಗೆ. ನೋವ ಅಂದರೆ ಹೊಸದು ಅಂತಲೂ ಆಗುತ್ತದಂತೆ. ನಮ್ಮ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ ಇರುವುದು, ನಿನ್ನ ಪರಿಸ್ಥಿತಿಗೆ ಅದು ಸಾಕು ಅಂತ ನಾನು ಹೇಳಿದೆ. ಅವನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಪರೀಕ್ಷೆಗೆ ಕೂತವರ ಹಣೆಬರಹವೇ ಹಾಗೆ, ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳುವುದು.

ಹೆಸರು ಬೇಡ, ಮೊಮ್ಮಗರಾಯ ಅಂತ ಕರೆಯೋಣ. ಹುಟ್ಟಿದ್ದು ಇಸ್ರೇಲಿನ ಹೈಫಾದಲ್ಲಿ, ಕೆಲಸ ಬರ್ಲಿನ್‌ನಲ್ಲಿ, ವೀಸಾ ಮಾತ್ರ ಹಳೇ ಗೋಡೆ ಗಡಿಯಾರದಂತೆ ಆಗಾಗ ಕೀ ಕೊಡಬೇಕಾದದ್ದು. ಇವನ ಅಜ್ಜಿಯ ಅಪ್ಪ ರೊಮೇನಿಯಾದ ಪ್ರಜೆಯಾಗಿದ್ದವರು. ಆ ದೇಶದ 1991ರ ಪೌರತ್ವ ಕಾಯ್ದೆಯ 11ನೇ ಕಲಮಿನ ಪ್ರಕಾರ, ತಮ್ಮದಲ್ಲದ ಕಾರಣಕ್ಕೆ ಅಥವಾ ಇಷ್ಟಕ್ಕೆ ವಿರುದ್ಧವಾಗಿ ಪೌರತ್ವ ಕಳೆದುಕೊಂಡವರು ಅದನ್ನು ಮರಳಿ ಪಡೆಯಬಹುದು. ಅವರಷ್ಟೇ ಅಲ್ಲ, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳವರೆಗೂ ಪಡೆಯಬಹುದು. ರೊಮೇನಿಯಾ 2007ರಿಂದ ಯುರೋಪ್ ಒಕ್ಕೂಟದಲ್ಲಿರುವುದರಿಂದ, ಆ ಪಾಸ್‌ಪೋರ್ಟ್ ಕೈಗೆ ಬಂದರೆ ಬರ್ಲಿನ್‌ನಲ್ಲಿ ವೀಸಾದ ಮಾತೇ ಇಲ್ಲ. ಎಷ್ಟು ಉದಾರ ಕಾಯ್ದೆ ನೋಡಿ. 2025ರ ಮಾರ್ಚ್‌ನಲ್ಲಿ ಅದಕ್ಕೊಂದು ಬಾಲ ಅಂಟಿಸಿದರು: ರೊಮೇನಿಯನ್ ಭಾಷೆ ಬಿ1 ಮಟ್ಟಕ್ಕೆ ಬರುತ್ತದೆ ಎಂಬ ಪುರಾವೆ ಬೇಕು.

ಬಿ1 ಅಂದರೆ ಬರೀ ನಮಸ್ಕಾರ, ಚೆನ್ನಾಗಿದ್ದೀರಾ ಅಲ್ಲ. ತನ್ನ ಅನುಭವ, ಕನಸು, ಆಸೆಗಳನ್ನು ವಿವರಿಸಿ, ಅಭಿಪ್ರಾಯಕ್ಕೆ ಕಾರಣವನ್ನೂ ಕೊಡಬಲ್ಲ ಮಟ್ಟ. ಮೊಮ್ಮಗರಾಯನ ಸದ್ಯದ ಕನಸು ಒಂದೇ, ಬಿ1 ಪಾಸಾಗುವುದು. ಅದನ್ನು ವಿವರಿಸಲು ಬೇಕಾದ ಕ್ರಿಯಾಪದಗಳು ಮುಂದಿನ ಪಾಠದಲ್ಲಿವೆ.

ಈಗ ಮುತ್ತಜ್ಜನ ವಿಷಯಕ್ಕೆ ಬರೋಣ. ಅವರ ಊರು ಚೆರ್ನೋವಿಟ್ಸ್. ಹಾಗಂದವರು ಆಸ್ಟ್ರಿಯಾದವರು. 1918ರಲ್ಲಿ ರೊಮೇನಿಯಾ ಬಂದು ಚೆರ್ನೌತ್ಸ್ ಅಂದಿತು. 1940ರಲ್ಲಿ ಸೋವಿಯತ್ ಸೇನೆ ಬಂತು. 1941ರಲ್ಲಿ ಮತ್ತೆ ರೊಮೇನಿಯಾ, 1944ರಲ್ಲಿ ಮತ್ತೆ ಸೋವಿಯತ್, ಈ ಸಲ ಚೆರ್ನೋವ್ಟ್ಸಿ ಅಂದಿತು. 1991ರಿಂದ ಅದು ಉಕ್ರೇನಿನ ಚೆರ್ನಿವ್ಟ್ಸಿ. ಮನೆ ಮುಂದಿನ ಕಟ್ಟೆಯ ಮೇಲೆ ಕದಲದೆ ಕೂತವನು ಒಂದು ಆಯುಸ್ಸಿನಲ್ಲಿ ನಾಲ್ಕು ದೇಶ ಸುತ್ತಿ ಬರಬಹುದಾಗಿದ್ದ ಊರು. ಕಾಸರಗೋಡಿನವರಿಗೆ ಇದರಲ್ಲಿ ಕಾಲು ಭಾಗವನ್ನು ನಾನು ವಿವರಿಸಬೇಕಿಲ್ಲ.

ಆ ಊರಲ್ಲಿ ಮುತ್ತಜ್ಜನದು ಗಡಿಯಾರ ರಿಪೇರಿ ಅಂಗಡಿ. ಮನೆಯಲ್ಲಿ ಜರ್ಮನ್, ಅಂಗಡಿಯಲ್ಲಿ ಯಹೂದಿಗಳ ಯಿಡ್ಡಿಷ್, ತರಕಾರಿಯವಳ ಜೊತೆ ಉಕ್ರೇನಿಯನ್. ಮಂಗಳೂರಿನ ಯಾವ ಅಂಗಡಿಯಲ್ಲಿ ನಿಂತರೂ ಕೇಳುವ ತುಳು, ಕೊಂಕಣಿ, ಬ್ಯಾರಿ, ಕನ್ನಡದ ಲೆಕ್ಕವೇ ಅದು. ರೊಮೇನಿಯನ್ ಬೇಕಾಗುತ್ತಿದ್ದದ್ದು ತೆರಿಗೆಯವನು ಬಂದಾಗ. 1930ರ ಜನಗಣತಿಯಲ್ಲಿ ಆ ಪಟ್ಟಣದಲ್ಲಿ ರೊಮೇನಿಯನ್ನರು ಹೆಚ್ಚುಕಡಿಮೆ ಕಾಲು ಭಾಗ, ಯಹೂದಿಗಳೇ ಅವರಿಗಿಂತ ಹೆಚ್ಚು. ಹಾಗಾಗಿ ಸರಕಾರ ಬೋರ್ಡು ತೂಗುಹಾಕಿತ್ತು: 'ವೊರ್ಬಿತ್ಸ್ ನುಮಾಯ್ ರೊಮಿನೆಶ್ತೆ.' ರೊಮೇನಿಯನ್‌ನಲ್ಲಿ ಮಾತ್ರ ಮಾತಾಡಿ. ಮುತ್ತಜ್ಜ ಆ ಬೋರ್ಡಿನ ಕೆಳಗೆ ನಿಂತು ಅಕ್ಕಪಕ್ಕದವರ ಜೊತೆ ಜರ್ಮನ್‌ನಲ್ಲಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರಂತೆ. ಬಿ1 ಹಾಗಿರಲಿ, ಮೊದಲ ಮೆಟ್ಟಿಲಾದ ಎ1 ಕೂಡ ಅನುಮಾನ. ಆದರೆ ಪ್ರಜೆ. ಅಪ್ಪಟ ಪ್ರಜೆ.

1938ರ ಜನವರಿಯವರೆಗೆ. ಆ ತಿಂಗಳು ಬುಕಾರೆಸ್ಟಿನ ಸರಕಾರ ಯಹೂದಿಗಳ ಪೌರತ್ವವನ್ನು 'ಮರುಪರಿಶೀಲನೆ' ಮಾಡುವ ಆಜ್ಞೆ ಹೊರಡಿಸಿತು. ದಾಖಲೆ ತನ್ನಿ, ಬೇಗ ತನ್ನಿ, ತಂದದ್ದು ಸಾಲದು, ಇದರಲ್ಲಿ ಹೆಸರು ಬೇರೆ ಇದೆ, ಮುದ್ರೆ ಮಸುಕಾಗಿದೆ. ಹೀಗೆ ಕಾಗದ ಸರಿಯಿಲ್ಲವೆಂದು ಎರಡೂಕಾಲು ಲಕ್ಷದಷ್ಟು ಜನರ ಪೌರತ್ವ ಹೋಯಿತು. ಅದರಲ್ಲಿ ನಮ್ಮ ಗಡಿಯಾರದವರೂ ಒಬ್ಬರು.

ಈಗ ಅದೇ ಕಾಗದ ಸರಿಯಿಲ್ಲದ ಮನುಷ್ಯನ ಮರಿಮಗ ಸರಿಯಾದ ಕಾಗದ ತರಬೇಕು. ಮೂರು ತಲೆಮಾರಿನ ಜನನ, ವಿವಾಹ, ಮರಣ ಪ್ರಮಾಣಪತ್ರ, ಬೇಕಾದ ಕಡೆ ಅಪೊಸ್ಟಿಲ್ ಎಂಬ ಅಂತರರಾಷ್ಟ್ರೀಯ ದೃಢೀಕರಣ ಮುದ್ರೆ, ಅದರ ಮೇಲೆ ಪ್ರಮಾಣ ಮಾಡಿದ ಅನುವಾದಕನ ಅನುವಾದ. ಒಬ್ಬರದೇ ಹೆಸರು ಆಸ್ಟ್ರಿಯದ ಕಾಗದದಲ್ಲಿ ಜರ್ಮನ್ ಕಾಗುಣಿತದಲ್ಲಿದೆ, ರೊಮೇನಿಯದ್ದರಲ್ಲಿ ಬೇರೆ ಅವತಾರದಲ್ಲಿದೆ, ಸೋವಿಯತ್ ಕಾಗದದಲ್ಲಿ ಸಿರಿಲಿಕ್ ಲಿಪಿ, ಕೊನೆಗೆ ಹೀಬ್ರೂ. ಹೀಬ್ರೂದಲ್ಲಿ ಸ್ವರಗಳನ್ನೇ ಬಹುಪಾಲು ಬರೆಯುವುದಿಲ್ಲ. ಈ ನಾಲ್ವರೂ ಒಬ್ಬರೇ ಎಂದು ಸಾಬೀತು ಮಾಡುವುದು ಮೊಮ್ಮಗರಾಯನ ಕೆಲಸ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಲು ಹೋಗಿ, ಪಹಣಿಯ ತಿಮ್ಮಪ್ಪನೂ ಆಧಾರಿನ ತಿಮ್ಮಯ್ಯನೂ ನನ್ನ ಅಪ್ಪನೇ ಸ್ವಾಮಿ ಎಂದು ಅಫಿಡವಿಟ್ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಅವನ ಫೈಲ್ ನೋಡಿದ ದಿನ ನನಗೆ ತವರಿನ ನೆನಪು ಬಂದು ಕಣ್ಣು ತೇವವಾಯಿತು.

ಇದರಲ್ಲಿ ನನಗೆ ತುಂಬಾ ರುಚಿಸುವ ಭಾಗ ಒಂದಿದೆ. ಮೊಮ್ಮಗರಾಯನಿಗೆ ಜರ್ಮನ್ ಚೆನ್ನಾಗಿ ಬರುತ್ತದೆ. ಅಜ್ಜಿಯಿಂದ ಬಂದದ್ದು. ಅಂದರೆ ಜರ್ಮನ್ ಮಾತಾಡುವ ಮನೆತನದ ಹುಡುಗ, ಜರ್ಮನಿಯ ರಾಜಧಾನಿಯಲ್ಲಿ, ಜರ್ಮನ್ ಮಾತಾಡುವ ಆಫೀಸಿನಲ್ಲಿ ಕೆಲಸ ಮಾಡಿಕೊಂಡು ಇರುವುದಕ್ಕೋಸ್ಕರ, ತನ್ನ ಮುತ್ತಜ್ಜನಿಗೂ ಬರದಿದ್ದ ರೊಮೇನಿಯನ್ ಕಲಿಯುತ್ತಿದ್ದಾನೆ. ಪರೀಕ್ಷೆ ಪಾಸಾದ ಮರುದಿನದಿಂದ ಆ ಭಾಷೆಯಲ್ಲಿ ಅವನಿಗೆ ಯಾರ ಜೊತೆಗೂ ಮಾತಿಲ್ಲ. ಮೂಗು ಹಿಡಿಯಲು ಕೈಯನ್ನು ತಲೆಯ ಹಿಂದಿನಿಂದ ತರುವುದು ಅಂತ ನಾವು ಅನ್ನುತ್ತೇವೆ. ಇಲ್ಲಿ ಕೈ ಕಾರ್ಪೇಥಿಯನ್ ಬೆಟ್ಟ ಸುತ್ತಿ ಬರುತ್ತಿದೆ.

ಭಾಷೆಯದೇನೂ ತಪ್ಪಿಲ್ಲ. ಅವನ ಪುಸ್ತಕವನ್ನು ನಾನೂ ತಿರುವಿ ಹಾಕಿದೆ, ನಮಗೆ ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ. ಲುಪ್ ಅಂದರೆ ತೋಳ, 'ಆ ತೋಳ' ಅನ್ನಬೇಕಾದರೆ ಲುಪುಲ್. ನಮ್ಮ ವಿಭಕ್ತಿ ಪ್ರತ್ಯಯದ ಹಾಗೆ ಬಾಲಕ್ಕೆ ಅಂಟಿಕೊಳ್ಳುತ್ತದೆ. ಇಪ್ಪತ್ತಕ್ಕೆ ದೊವಝೆಚ್, ಎರಡು ಹತ್ತು. ನಮ್ಮ ಇಪ್ಪತ್ತೂ ಅದೇ ತಾನೇ. ತಲೆ ತಿರುಗುವುದು ಲಿಂಗದಲ್ಲಿ. ಅಲ್ಲಿನ ನಪುಂಸಕ ಪದಗಳು ಏಕವಚನದಲ್ಲಿ ಗಂಡು, ಬಹುವಚನದಲ್ಲಿ ಹೆಣ್ಣು. ಒಂದು ಕುರ್ಚಿ ಗಂಡು, ಎರಡು ಕುರ್ಚಿ ಹೆಣ್ಣು. ಮೊಮ್ಮಗರಾಯ ಇದಕ್ಕೆ ಎರಡು ವಾರ ಕಣ್ಣೀರು ಹಾಕಿದ. ನಮ್ಮ ರಾಜ್ಯದಲ್ಲಿ ಈ ಸಮಸ್ಯೆ ಬರುವುದಿಲ್ಲ ಎಂದು ಸಮಾಧಾನ ಹೇಳಿದೆ. ಕುರ್ಚಿ ಇರುವುದೇ ಒಂದು, ಅದರ ಲಿಂಗ ಕೇಳುವ ಪುರುಸೊತ್ತು ಯಾರಿಗೂ ಇಲ್ಲ.

ಪರೀಕ್ಷೆ ಯಾವಾಗ, ಪೌರತ್ವ ಯಾವಾಗ ಎಂದು ಕೇಳಿದರೆ ಈಗ ಅವನು "ಲಾ ಪಾಶ್ತೆಲೆ ಕಾಯ್ಲೋರ್" ಅನ್ನುತ್ತಾನೆ. ಕುದುರೆಗಳ ಈಸ್ಟರ್ ಹಬ್ಬಕ್ಕೆ. ನಾವಾದರೆ ಕತ್ತೆಗೆ ಕೊಂಬು ಬಂದಾಗ ಅನ್ನುತ್ತಿದ್ದೆವು. ಪ್ರಾಣಿ ಯಾವುದಾದರೇನು, ಭಾವ ಒಂದೇ. ಒಟ್ಟಿನಲ್ಲಿ ಸರಕಾರಕ್ಕೆ ಬೇಕಾದ ಸಾಂಸ್ಕೃತಿಕ ಬೆರೆಯುವಿಕೆ ಆಗಲೇ ಶುರುವಾಗಿದೆ ಎಂದು ಲೆಕ್ಕ.

ಪಕ್ಕದ ಮಾಲ್ಡೋವಾದ ಕಥೆ ಇನ್ನೊಂದು ತೆರ. ಅಲ್ಲಿ ಬಹುಪಾಲು ಜನ ಮನೆಯಲ್ಲಿ ಆಡುವುದು ಇದೇ ಭಾಷೆ, ಆದರೆ ಸೋವಿಯತ್ ಕಾಲದಲ್ಲಿ ಅದಕ್ಕೆ ಸಿರಿಲಿಕ್ ಲಿಪಿ ತೊಡಿಸಿ 'ಮಾಲ್ಡೋವನ್' ಎಂದು ನಾಮಕರಣ ಮಾಡಿದ್ದರು. 1989ರಲ್ಲಿ ಲಿಪಿ ಬದಲಾಯಿತು, ಹೆಸರಿನ ಜಗಳ ಉಳಿಯಿತು. 2003ರಲ್ಲಿ ಒಬ್ಬರು ಮಾಲ್ಡೋವನ್–ರೊಮೇನಿಯನ್ ನಿಘಂಟನ್ನೇ ಹೊರತಂದರು. ಧಾರವಾಡ ಕನ್ನಡಕ್ಕೂ ಮೈಸೂರು ಕನ್ನಡಕ್ಕೂ ನಿಘಂಟು ಮಾಡಿ, ಇವು ಎರಡು ಬೇರೆ ಭಾಷೆ ಅಂದಂತೆ. ಕೊನೆಗೆ 2023ರಲ್ಲಿ ಅಲ್ಲಿನ ಸಂಸತ್ತು ಕಾನೂನುಗಳಲ್ಲೆಲ್ಲ 'ರೊಮೇನಿಯನ್' ಎಂದೇ ಬರೆಯಬೇಕು ಎಂದು ತೀರ್ಮಾನಿಸಿತು. ಅಲ್ಲಿನವರು ಒಂದು ದಿನವೂ ಪಾಠ ಓದದೆ ಹೊಸ ಭಾಷೆ ಕಲಿತರು. ಮೊಮ್ಮಗರಾಯನಿಗೆ ಇದನ್ನು ಹೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾನೆ.

ಬಿ1 ಬರುವ ಮೊದಲು ಈ ಬಾಗಿಲಿನಿಂದ ಹೋದ ಎಷ್ಟೋ ಜನರಿಗೆ ಬೇಕಾಗಿದ್ದ ರೊಮೇನಿಯನ್ ಅಂದರೆ ಕೊನೆಯ ಪ್ರಮಾಣವಚನ ಮಾತ್ರ: ತಾಯ್ನಾಡಿಗೂ ರೊಮೇನಿಯನ್ ಜನರಿಗೂ ನಿಷ್ಠನಾಗಿರುತ್ತೇನೆ, ಸಂವಿಧಾನವನ್ನೂ ಕಾನೂನನ್ನೂ ಗೌರವಿಸುತ್ತೇನೆ. ತಮ್ಮ ತಮ್ಮ ಲಿಪಿಯಲ್ಲಿ ಬರೆದುಕೊಂಡು ಉರು ಹೊಡೆಯುವುದು. ಮದುವೆ ಮಂಟಪದಲ್ಲಿ ಪುರೋಹಿತರು ಹೇಳಿದ್ದನ್ನು ವರ ತಿರುಗಿ ಹೇಳಿದಷ್ಟೇ. ಏನು ಒಪ್ಪಿಕೊಂಡೆ ಎಂದು ತಿಳಿಯುವುದು ಆಮೇಲೆ.

ಭಾಷೆ ಕೇಳುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹೊರಗಿನಿಂದ ಬಂದು ಸೇರುವವನನ್ನು ನಿನಗೆ ನಮ್ಮ ಮಾತು ಬರುತ್ತದಾ ಎಂದು ಕೇಳುವುದು ನ್ಯಾಯವೇ. ಜರ್ಮನಿಯೂ ನನ್ನನ್ನು ಅದೇ ಬಿ1 ಕೇಳುತ್ತದೆ, ನಾನೂ ಸಂಜೆ ತರಗತಿಗೆ ಹೋಗುತ್ತೇನೆ. ಪಾಸ್‌ಪೋರ್ಟಿಗೋಸ್ಕರವೇ ಅಜ್ಜನನ್ನು ಹುಡುಕಿಕೊಡುವ ದಲ್ಲಾಳಿಗಳೂ ಇದ್ದಾರೆ, ಸುಳ್ಳಲ್ಲ. ಆದರೆ ಈ ಕಲಮಿನ ಮಾತೇ 'ಮರಳಿ ಪಡೆಯುವುದು'. ಕಸಿದುಕೊಂಡ ಸೈಕಲ್ಲನ್ನು ಎಂಬತ್ತೇಳು ವರ್ಷದ ಮೇಲೆ ವಾಪಸ್ ಕೊಡುತ್ತೇವೆ ಬಾ ಎಂದು ಕರೆದು, ಬಂದವನ ಹತ್ತಿರ ಲಾರಿ ಓಡಿಸುವ ಲೈಸೆನ್ಸ್ ಕೇಳಿದರೆ? ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅಯ್ಯೋ, ನಮ್ಮ ಕಡೆ ಅಜ್ಜ ಬಿಟ್ಟುಹೋದ ಸಾಲಕ್ಕೆ ಯಾರೂ ಪರೀಕ್ಷೆ ಮಾಡಲ್ಲಪ್ಪ, ಸೀದಾ ಮೊಮ್ಮಗನ ತಲೆಗೆ ಕಟ್ಟುತ್ತಾರೆ" ಅಂದರು.

ಬೇರೆಯವರ ಮನೆ ದೋಸೆ ತೂತು ಎಣಿಸುವ ಮೊದಲು ನಮ್ಮ ಕಾವಲಿ ನೋಡಿಕೊಳ್ಳೋಣ. ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ನಮ್ಮ ಓಸಿಐ ಕಾರ್ಡಿಗೂ ಮುತ್ತಜ್ಜ ಭಾರತೀಯನಾಗಿದ್ದರೆ ಸಾಕು, ಯಾವ ಭಾಷೆಯೂ ಬೇಕಿಲ್ಲ. ನಾಳೆ ಯಾರೋ ಒಬ್ಬ ಅಧಿಕಾರಿಗೆ ರೊಮೇನಿಯಾದ ಗಾಳಿ ಬೀಸಿ, ಕರ್ನಾಟಕ ಮೂಲದವರಿಗೆ ಕನ್ನಡ ಬಿ1 ಕಡ್ಡಾಯ ಅಂದುಬಿಟ್ಟರೆ? ರಾಜ್ಯೋತ್ಸವಕ್ಕೆ ಶಾಲು ಹೊದ್ದು ಫೋಟೋ ತೆಗೆಸಿಕೊಳ್ಳುವ ಕ್ಯಾಲಿಫೋರ್ನಿಯಾದ ಮೊಮ್ಮಕ್ಕಳನ್ನು ಬಿಡಿ. ಬೆಂಗಳೂರಿನಲ್ಲೇ ಹುಟ್ಟಿದ ಮಗುವಿಗೆ 'ಎಪ್ಪತ್ತೊಂಬತ್ತು ರೂಪಾಯಿ ಕೊಡು' ಅಂದು ನೋಡಿ. ಅದು ನಿಮ್ಮ ಮುಖ ನೋಡುತ್ತದೆ, ನೀವು ಅದರ ಅಮ್ಮನ ಮುಖ ನೋಡುತ್ತೀರಿ, ಅಮ್ಮ 'ಸೆವೆಂಟಿ ನೈನ್ ಪುಟ್ಟಾ' ಅನ್ನುತ್ತಾಳೆ.

ಹೋದ ವಾರ ಮೊಮ್ಮಗರಾಯ ಅಜ್ಜಿಗೆ ವಿಡಿಯೊ ಕಾಲ್ ಹಚ್ಚಿದ. ಊಟದ ಮೇಜಿನ ಮೇಲೆ ಕಾಫಿ ಲೋಟಕ್ಕೆ ಫೋನ್ ಒರಗಿಸಿ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಅಜ್ಜಿಗೆ ತೊಂಬತ್ತೈದು. ಚೆರ್ನೌತ್ಸ್‌ನಲ್ಲಿ ಎರಡು ಮೂರು ಕ್ಲಾಸು ರೊಮೇನಿಯನ್‌ನಲ್ಲೇ ಓದಿದವರು. 1941ರಲ್ಲಿ, ಹನ್ನೊಂದು ವರ್ಷದವಳಿದ್ದಾಗ, ಅವರನ್ನು ಮನೆಯವರೊಂದಿಗೆ ಡ್ನೀಸ್ಟರ್ ನದಿಯ ಆಚೆಗೆ, ಯಹೂದಿಗಳನ್ನು ಗಡೀಪಾರು ಮಾಡುತ್ತಿದ್ದ ಟ್ರಾನ್ಸ್‌ನಿಸ್ಟ್ರಿಯಕ್ಕೆ ಅಟ್ಟಿದ್ದೂ ಅದೇ ರೊಮೇನಿಯಾದ ಪೊಲೀಸರು. ಅಜ್ಜಿಯ ಹತ್ತಿರವೇ ಅಭ್ಯಾಸ ಮಾಡು, ಕೋರ್ಸಿನ ದುಡ್ಡು ಉಳಿಯುತ್ತದೆ ಎಂದು ನಾನೇ ಸಲಹೆ ಕೊಟ್ಟಿದ್ದೆ. ಹಾಗೆ ಶುರು ಮಾಡಿದ ಮೇಲೇ ಅವನಿಗೆ ಗೊತ್ತಾದದ್ದು, ಅಜ್ಜಿಗೆ ಉಳಿದಿರುವ ರೊಮೇನಿಯನ್ ಎಲ್ಲ ಆಜ್ಞಾರ್ಥಕ ಎಂದು. ನಿಲ್ಲು. ನಡೆ. ಸಾಲಿನಲ್ಲಿ ಬಾ. ಬೇಗ. ಅವನ ಟೀಚರು ಆ ಒಂದು ಪಾಠಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದರು.

ಅವತ್ತು ಅವನು ಪ್ರಮಾಣವಚನ ಒಪ್ಪಿಸಿದ. "ಜುರ್ ಸ ಫಿಉ ದೆವೊತಾತ್..." ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಎರಡು ಕಡೆ ತಡೆದು ಉಚ್ಚಾರ ತಿದ್ದಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು, ಬೆರಳೆತ್ತಿ, ತೊಂಬತ್ತೈದರ ಗಂಟಲಲ್ಲಿ ಯಾವನೋ ಹವಾಲ್ದಾರನ ದನಿ ತಂದು, ಸ್ಕ್ರೀನು ಅದುರುವಂತೆ ಕೂಗಿದರು:

"ಆಕ್ತೆಲೆ!"

ಕಾಗದ ತೋರಿಸು.

ಮೊಮ್ಮಗರಾಯನ ಕೈ ತಂತಾನೇ ಫೈಲಿನ ಕಡೆ ಹೋಯಿತು.