ಡಾಟ್ ಕಾಮ್ ಖಾಲಿ ಇಲ್ಲ

ಮನೆಯಲ್ಲಿ ಮಾಡಿದ ಸಾಬೂನು ಅಚ್ಚಿನಿಂದ ತೆಗೆದ ಮೇಲೆ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದನ್ನು ಮಾರಲು ಹೊರಟವರ ಡೊಮೇನ್ ಹೆಸರು, ಎಂದರೆ ವೆಬ್‌ಸೈಟಿನ ವಿಳಾಸ, ಅಷ್ಟರೊಳಗೆ ಹದಕ್ಕೆ ಬಂದರೆ ಪುಣ್ಯ. ಎಣ್ಣೆಯ ಅಳತೆ, ಡಬ್ಬಿ, ಅದರ ಮೇಲಿನ ಚೀಟಿ ಎಲ್ಲವೂ ತೀರ್ಮಾನವಾಗಿರುತ್ತದೆ, ಹೆಸರೊಂದು ಬಿಟ್ಟು. ಮೊದಲು ಹೊಳೆದದ್ದನ್ನು ರಿಜಿಸ್ಟ್ರಾರ್, ಎಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಯ ಸೈಟಿನಲ್ಲಿ ಹಾಕಿ ನೋಡುತ್ತಾರೆ, ಯಾರೋ ತಗೊಂಡಾಗಿದೆ. ಎರಡನೆಯದೂ ಹೋಗಿದೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಹೆಸರಿಗೂ ಸಾಬೂನಿಗೂ ನಂಟೇ ಉಳಿದಿರುವುದಿಲ್ಲ. ಖಾಲಿ ಇದ್ದರೆ ಸಾಕಪ್ಪಾ ಎನ್ನುವ ಸ್ಥಿತಿ. ಕೆಟ್ಟ ಹೆಸರುಗಳು ಹುಟ್ಟುವುದು ಈ ಗಳಿಗೆಯಲ್ಲೇ.

ಮೊದಲ ಡಾಟ್ ಕಾಮ್ ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎನ್ನುವ ಕಂಪ್ಯೂಟರ್ ಕಂಪನಿಯ ಹೆಸರಿನಲ್ಲಿ. ಮುಂದೆ ಹತ್ತು ವರ್ಷ ಹೆಸರು ಪುಕ್ಕಟೆ. 1995ರ ಸೆಪ್ಟೆಂಬರಿನಲ್ಲಿ ಎರಡು ವರ್ಷಕ್ಕೆ 100 ಡಾಲರ್ ಎಂದು ಶುಲ್ಕ ಬಂತು. ಈಗ ಡಾಟ್ ಕಾಮ್ ಒಂದರಲ್ಲೇ 15 ಕೋಟಿಗೂ ಮೀರಿ ಹೆಸರುಗಳಿವೆ. ಇಂಗ್ಲಿಷಿನ 26 ಅಕ್ಷರಗಳಿಂದ ನಾಲ್ಕಕ್ಷರದ ಹೆಸರು ಕಟ್ಟಿದರೆ 4,56,976 ಆಗುತ್ತವೆ. ಅರ್ಥವಿರಲಿ, ಇಲ್ಲದಿರಲಿ, ಹೆಚ್ಚುಕಡಿಮೆ ಎಲ್ಲಕ್ಕೂ ಯಜಮಾನರಿದ್ದಾರೆ. ಹಾಗೆಂದು ಎಲ್ಲರೂ ಅಲ್ಲಿ ಅಂಗಡಿ ತೆರೆದಿದ್ದಾರೆಂದಲ್ಲ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ ಹಿಡಿದಿಟ್ಟುಕೊಂಡವರೇ ಬಹಳ. ತೆರೆದು ನೋಡಿದರೆ 'ಈ ಹೆಸರು ಮಾರಾಟಕ್ಕಿದೆ' ಎಂಬ ಒಂದೇ ಸಾಲು. ಅವರೊಂದಿಗೆ ಚೌಕಾಸಿಗೆ ಕೂರುವುದು ದೊಡ್ಡವರ ಆಟ. ಫೇಸ್‌ಬುಕ್ ಶುರುವಿನಲ್ಲಿ 'ದಿ ಫೇಸ್‌ಬುಕ್' ಆಗಿತ್ತು. 2005ರಲ್ಲಿ ಎರಡು ಲಕ್ಷ ಡಾಲರ್ ಕೊಟ್ಟು ಆ 'ದಿ'ಯನ್ನು ಕಳಚಿಕೊಂಡಿತು. ತಿಂಗಳಿಗೆ ನಲವತ್ತು ಸಾಬೂನು ಮಾರುವವರಿಗೆ 'ದಿ' ಅಂಟಿಕೊಂಡೇ ಇರಲಿ, ನಷ್ಟವಿಲ್ಲ.

ಬೇಕಾದ ಹೆಸರು ಸಿಗದಾಗ ಹಾಕುವ ತೇಪೆಗಳೆಲ್ಲ ಒಂದೇ ತೂಕದವಲ್ಲ. 'ಶಾಪ್', 'ಸ್ಟುಡಿಯೊ', 'ಸೋಪ್' ಎಂದು ಮಾಡುವ ಕೆಲಸವನ್ನೇ ಕೊನೆಗೆ ಸೇರಿಸುವುದು ನನ್ನ ಲೆಕ್ಕದಲ್ಲಿ ಅತ್ಯಂತ ನಿರುಪದ್ರವಿ. ಕೇಳಿದವರಿಗೆ ನೆನಪಿರುತ್ತದೆ, ಏನು ಮಾರುತ್ತೀರೆಂದೂ ಗೊತ್ತಾಗುತ್ತದೆ. ಒಂದೇ ಎಚ್ಚರ: ಹವ್ಯಾಸಿಗಳ ಮನಸ್ಸು ನಿಂತಲ್ಲಿ ನಿಲ್ಲುವುದಿಲ್ಲ. ಸಾಬೂನಿನವರು ಆರು ತಿಂಗಳಿಗೆ ಮೇಣದಬತ್ತಿಗೆ ಬರುತ್ತಾರೆ, ಕ್ರೋಶ ಹಾಕುವವರು ಮಗ್ಗ ತರಿಸುತ್ತಾರೆ. ಹಾಗಾಗಿ 'ಸೋಪ್'ಗಿಂತ 'ಸ್ಟುಡಿಯೊ' ಒಳ್ಳೆಯದು. ಹುಡುಕುವವರಿಗೆ ಸಿಗಲೆಂದು ಬೇಕಾದ ಪದಗಳನ್ನೆಲ್ಲ ಹೆಸರಿನಲ್ಲೇ ತುರುಕುವ ಉಪಾಯ ಹಳತಾಯಿತು. 2012ರ ಸೆಪ್ಟೆಂಬರಿನಲ್ಲೇ ಗೂಗಲ್ ಅಂಥ ಕಳಪೆ ಸೈಟುಗಳನ್ನು ಕೆಳಕ್ಕೆ ತಳ್ಳಿತು.

ಹೈಫನ್ ಕಣ್ಣಿಗೆ ಚೆಂದ, ಬಾಯಿಗೆ ಕಂಟಕ. ಹೆಸರಿನ ಮೊದಲಿಗೂ ಕೊನೆಗೂ ಅದನ್ನು ಹಾಕುವಂತಿಲ್ಲ, ನಡುವೆ ಹಾಕಬಹುದು. ಹಾಕಿದರೆ ಪ್ರತಿ ಬಾರಿಯೂ "ನಡುವೆ ಒಂದು ಅಡ್ಡಗೆರೆ, ಕೆಳಗಲ್ಲ, ಮಧ್ಯದಲ್ಲಿ" ಎಂದು ವಿವರಿಸುವ ಕೆಲಸವೂ ಜೊತೆಗೇ ಬರುತ್ತದೆ. ಮರೆತು ಟೈಪ್ ಮಾಡಿದ ಗಿರಾಕಿ ಹೋಗಿ ಇಳಿಯುವುದು ಹೈಫನ್ ಇಲ್ಲದವರ ಅಂಗಡಿಯಲ್ಲಿ. ಅಂಕಿಯೂ ಹಾಗೆಯೇ: 'ಫೋರ್' ಎಂದರೆ ಅಂಕಿಯೋ ಅಕ್ಷರವೋ? ಸ್ವರ ನುಂಗುವ ಫ್ಯಾಷನ್ ಒಂದಿತ್ತು. 2004ರಲ್ಲಿ ಬಂದ ಫೋಟೊ ತಾಣ ಫ್ಲಿಕರ್ ಕೊನೆಯ 'ಇ' ಬಿಟ್ಟು ಗೆದ್ದಿತು, ಆಮೇಲೆ ಎಷ್ಟೋ ಜನ 'ಇ' ಬಿಟ್ಟರು. 'ಇ' ಬಿಟ್ಟದ್ದರಿಂದ ಅದು ಗೆದ್ದದ್ದಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಒಂದು ಲೇಬಲ್‌ನಲ್ಲಿ, ಎಂದರೆ ಎರಡು ಚುಕ್ಕಿಗಳ ನಡುವಿನ ಭಾಗದಲ್ಲಿ, 63 ಅಕ್ಷರಗಳವರೆಗೆ ಅವಕಾಶವಿದೆ. ಅವಕಾಶವಿದೆ ಎಂದು ಬಳಸಬೇಕಿಲ್ಲ. ಹದಿನೈದು ದಾಟಿದರೆ ಡಬ್ಬಿಯ ಚೀಟಿಯಲ್ಲಿ ಅಕ್ಷರ ಇರುವೆಸಾಲಾಗುತ್ತದೆ. ಇನ್ನು ಡೊಮೇನಿನಲ್ಲಿ ಪದಗಳ ನಡುವೆ ಜಾಗ ಬಿಡುವಂತಿಲ್ಲ, ದೊಡ್ಡಕ್ಷರ ಸಣ್ಣಕ್ಷರದ ಭೇದವೂ ಇಲ್ಲ. ಹೀಗಾಗಿ ಎರಡು ಸಭ್ಯ ಪದಗಳು ಪಕ್ಕಪಕ್ಕ ಕೂತು ಅಸಭ್ಯವಾಗಬಹುದು. ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಎಂಬ ತಂತ್ರಜ್ಞರ ತಾಣ ಮೊದಲಿಗೆ ಎರಡನ್ನೂ ಕೂಡಿಸಿ ಬರೆದಿತ್ತು. ಓದಿದವರು ಪದವನ್ನು ಬೇರೆಡೆ ತುಂಡರಿಸಿ ಅಲ್ಲೊಂದು 'ಸೆಕ್ಸ್' ಕಂಡು ನಕ್ಕರು. ನಡುವೆ ಹೈಫನ್ ಹಾಕಬೇಕಾಯಿತು. ಹೈಫನ್ ಸಮರ್ಥನೀಯ ಎನ್ನಬಹುದಾದ ಅಪರೂಪದ ಸಂದರ್ಭ ಇದು. ಇದಕ್ಕಿಂತ ಮಾಮೂಲಿಯಾದ ತೊಂದರೆ ಇನ್ನೊಂದಿದೆ. 'ಗ್ಲಾಸ್' ಮತ್ತು 'ಸ್ಟುಡಿಯೊ' ಸೇರಿಸಿ ಇಂಗ್ಲಿಷಿನಲ್ಲಿ ಬರೆದು ನೋಡಿ: ಸಾಲಾಗಿ ಮೂರು 'ಎಸ್'. ಟೈಪ್ ಮಾಡುವವರು ಎರಡಕ್ಕೇ ನಿಲ್ಲಿಸುತ್ತಾರೆ. 'ಆರ್' ಪಕ್ಕ 'ಎನ್' ಬಂದರೆ ಸಣ್ಣ ಫಾಂಟಿನಲ್ಲಿ 'ಎಮ್' ಆಗಿ ಕಾಣುತ್ತದೆ. ಸಣ್ಣ 'ಎಲ್' ಮತ್ತು ಒಂದು, 'ಓ' ಮತ್ತು ಸೊನ್ನೆ, ಇವೂ ಅದೇ ಜಾತಿ. ಇಷ್ಟಪಟ್ಟ ಹೆಸರನ್ನು ಎಲ್ಲ ಸಣ್ಣಕ್ಷರದಲ್ಲಿ, ಬೆರಳುಗುರಿನಷ್ಟು ಗಾತ್ರದಲ್ಲಿ ಮುದ್ರಿಸಿ, ಸಂಬಂಧವಿಲ್ಲದವರೊಬ್ಬರ ಕೈಗೆ ಕೊಟ್ಟು ಓದಿಸುವುದು ಐದು ನಿಮಿಷದ ಕೆಲಸ.

ಕಿವಿಯ ಪರೀಕ್ಷೆ ಇದಕ್ಕಿಂತ ಕಠಿಣ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡುವಾಗಂತೂ ಇನ್ನೂ. 'ನೂಲು' ಎಂದಿಟ್ಟುಕೊಳ್ಳಿ. ಸೊಗಸಾದ ಹೆಸರು, ಎರಡೇ ಅಕ್ಷರ. ಫೋನಿನಲ್ಲಿ ಹೇಳಿ ನೋಡಿ.

"ನೂಲು ಡಾಟ್ ಕಾಮ್."

"ಎನ್, ಯು, ಎಲ್, ಯು?"

"ಅಲ್ಲ, ಎನ್ ಆದಮೇಲೆ ಡಬಲ್ ಓ."

"ಕೊನೆಗೂ ಡಬಲ್ ಓ?"

"ಇಲ್ಲ, ಅಲ್ಲಿ ಯು."

ಈ ಮಾತುಕತೆ ಇನ್ನು ಮುಂದೆ ಪ್ರತಿ ಗಿರಾಕಿಯೊಂದಿಗೂ ನಡೆಯುತ್ತದೆ, ವ್ಯಾಪಾರ ಇರುವವರೆಗೂ. ಅದೇ 'ಮರ' ಎಂದು ನೋಡಿ: ದೀರ್ಘವಿಲ್ಲ, ಒತ್ತಿಲ್ಲ, ಮಹಾಪ್ರಾಣವಿಲ್ಲ, ಯಾರು ಟೈಪ್ ಮಾಡಿದರೂ ನಾಲ್ಕೇ ಅಕ್ಷರ, ಒಂದೇ ರೀತಿ. ದೀರ್ಘ ಸ್ವರ, ದ್ವಿತ್ವ, 'ತ'-'ಥ', 'ಸ'-'ಶ'-'ಷ', 'ವ' ಬರೆಯಲು 'ವಿ' ಬೇಕೋ 'ಡಬ್ಲ್ಯು' ಬೇಕೋ, ಇವಿಷ್ಟೂ ಕಾಲೆಳೆಯುವ ಜಾಗಗಳು. ಇವುಗಳಲ್ಲಿ ಒಂದಿದ್ದರೆ ಎರಡು ಕಾಗುಣಿತವನ್ನೂ ಕೊಂಡು, ತಪ್ಪಿನ ಹೆಸರಿಗೆ ಬಂದವರನ್ನು ಸರಿಯಾದ ಹೆಸರಿಗೆ ತಿರುಗಿಸಬಹುದು. ಶಾಶ್ವತ ರಿಡೈರೆಕ್ಟ್, 301 ಎನ್ನುತ್ತಾರೆ, ಅದನ್ನು ಬಹುತೇಕ ರಿಜಿಸ್ಟ್ರಾರ್‌ಗಳಲ್ಲೇ ಹೊಂದಿಸಲು ಬರುತ್ತದೆ. ಎರಡಿದ್ದರೆ ಆ ಹೆಸರನ್ನು ಕೈಬಿಡುವುದೇ ಸರಿ. ಪರೀಕ್ಷೆ ಸುಲಭ: ಮನೆಯವರಲ್ಲದ ಐದು ಜನರಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಕೇಳಿಸಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಲು ಕೇಳಿ. ಮೂವರು ತಪ್ಪಿದರೆ ತಪ್ಪು ಅವರದ್ದಲ್ಲ. ಕನ್ನಡ ಲಿಪಿಯಲ್ಲೇ ಡೊಮೇನ್ ಪಡೆಯಬಹುದಲ್ಲ ಎಂದರೆ, ಹೌದು, ಪಡೆಯಬಹುದು. ಒಳಗೆ ಅದು 'ಎಕ್ಸ್ ಎನ್' ಮತ್ತು ಎರಡು ಹೈಫನ್‌ನಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರವಾಗಿ ಓಡಾಡುತ್ತದೆ; ಕೆಲವೆಡೆ ಹಾಗೆಯೇ ಕಾಣಿಸಿಕೊಂಡು ಗಿರಾಕಿಯನ್ನು ಬೆಚ್ಚಿಬೀಳಿಸುತ್ತದೆ. ಇಮೇಲ್ ವಿಳಾಸವಾಗಿ ಅದನ್ನು ಒಪ್ಪದ ಫಾರ್ಮುಗಳೂ ಇವೆ. ಎರಡನೆಯ ಹೆಸರಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಚುಕ್ಕಿಯ ಬಲಗಡೆಗೂ ಈಗ ಸಾವಿರಕ್ಕೂ ಮೀರಿದ ಆಯ್ಕೆಗಳಿವೆ. ಅಲ್ಲಿ ಮಾತ್ರ ಹೊಸತನ ತೋರಿಸದಿರುವುದೇ ಜಾಣತನ. ಅಮೆರಿಕದ ಓವರ್‌ಸ್ಟಾಕ್ ಕಂಪನಿ 2011ರಲ್ಲಿ ತನ್ನನ್ನು 'ಓ ಡಾಟ್ ಕೋ' ಎಂದು ಕರೆದುಕೊಂಡಿತು. ಜಾಹೀರಾತು ನೋಡಿದ ಜನ ಮನೆಗೆ ಹೋಗಿ 'ಓ ಡಾಟ್ ಕಾಮ್' ಎಂದು ಟೈಪ್ ಮಾಡಿದರು. ಕಂಪನಿ ಅದೇ ವರ್ಷ ಹಳೆಯ ಹೆಸರಿನತ್ತ ಹೊರಳಿತು. ಎರಡಕ್ಷರದ ಅಂತ್ಯಗಳು ದೇಶಗಳವು, ಆ ದೇಶದ ಕಟ್ಟಳೆಗೆ ಒಳಪಟ್ಟವು. ಐರೋಪ್ಯ ಒಕ್ಕೂಟವನ್ನು ಬ್ರಿಟನ್ ಬಿಟ್ಟದ್ದರಿಂದ ಅಲ್ಲಿನ ಎಷ್ಟೋ ಜನರ 'ಡಾಟ್ ಇಯು' ವಿಳಾಸಗಳು 2021ರ ಜನವರಿಯಲ್ಲಿ ಅಮಾನತಾದವು. ಅವರೇನೂ ತಪ್ಪು ಮಾಡಿರಲಿಲ್ಲ. ಸ್ವಂತ ದೇಶದ ಅಂತ್ಯವೋ ಡಾಟ್ ಕಾಮೋ, ಇವೆರಡರಲ್ಲಿ ಒಂದಕ್ಕೆ ಅಂಟಿಕೊಂಡರೆ ಇಂಥ ತಲೆನೋವು ಕಡಿಮೆ. ಹೊಸ ಉದ್ದನೆಯ ಅಂತ್ಯಗಳಿಗೆ ಮೊದಲ ವರ್ಷ ಚಿಲ್ಲರೆ ಕಾಸು, ಎರಡನೆಯ ವರ್ಷ ನಿಜವಾದ ಬೆಲೆ. ಹೀಗಾಗಿ ನೋಡಬೇಕಾದದ್ದು ನವೀಕರಣದ ದರ. ಅದು ಯಾವಾಗಲೂ ಸಣ್ಣಕ್ಷರದಲ್ಲೇ ಇರುತ್ತದೆ. ಐದು ವರ್ಷದ ಒಟ್ಟು ಕೂಡಿ ನೋಡಿದರೆ ಅಗ್ಗದ್ದು ಯಾವುದೆಂದು ಗೊತ್ತಾಗುತ್ತದೆ.

ಹೆಸರು ಖಾಲಿ ಇದೆ ಎಂದ ಮಾತ್ರಕ್ಕೆ ಅದು ನಿಮಗೆ ದಕ್ಕುತ್ತದೆ ಎಂದಲ್ಲ. ಕೆನಡಾದ ವಿದ್ಯಾರ್ಥಿ ಮೈಕ್ ರೋ ತನ್ನ ಪುಟ್ಟ ವೆಬ್ ಡಿಸೈನ್ ಉದ್ಯಮಕ್ಕೆ ತನ್ನದೇ ಹೆಸರಿನ ಕೊನೆಗೆ 'ಸಾಫ್ಟ್' ಸೇರಿಸಿ ಮೈಕ್‌ರೋಸಾಫ್ಟ್ ಎಂಬ ಡೊಮೇನ್ ಕೊಂಡಿದ್ದ. ಜೋರಾಗಿ ಓದಿದರೆ ಯಾರ ಹೆಸರು ಕೇಳಿಸುತ್ತದೋ ಅವರ ವಕೀಲರಿಂದಲೇ ಪತ್ರ ಬಂತು. ಅವರು ಕೊಡಲೊಪ್ಪಿದ್ದು ಹತ್ತು ಡಾಲರ್, ಹುಡುಗ ಕೇಳಿದ್ದು ಹತ್ತು ಸಾವಿರ. 2004ರಲ್ಲಿ ರಾಜಿಯಾಗಿ, ಹುಡುಗನ ಕೈಗೆ ಒಂದು ಎಕ್ಸ್‌ಬಾಕ್ಸ್ ಗೇಮ್ ಯಂತ್ರ ಬಂತು, ಹೆಸರು ಹೋಯಿತು. ಎಲ್ಲರಿಗೂ ಎಕ್ಸ್‌ಬಾಕ್ಸ್ ಸಿಗುವುದಿಲ್ಲವಾದ್ದರಿಂದ, ನಿಮ್ಮ ದೇಶದ ಟ್ರೇಡ್‌ಮಾರ್ಕ್ ದಾಖಲೆಯಲ್ಲಿ ಹೆಸರನ್ನೂ, ಅದರಂತೆಯೇ ಕೇಳಿಸುವ ಹೆಸರುಗಳನ್ನೂ ಹುಡುಕಿಬಿಡುವುದು ಕ್ಷೇಮ. ಹೆಸರಿಗೊಂದು ಪೂರ್ವಾಶ್ರಮವೂ ಇರಬಹುದು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ವಿಳಾಸ ಹಾಕಿದರೆ ಹಳೆಯ ಪುಟಗಳು ಕಾಣುತ್ತವೆ. ಅಲ್ಲಿ ಜೂಜು, ನಕಲಿ ಮಾತ್ರೆ ಕಂಡರೆ ಆ ಹೆಸರನ್ನು ಮುಟ್ಟಬೇಡಿ. ನೀವು ಕಳಿಸುವ ಬಿಲ್ಲುಗಳೂ ನೇರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವವಿದೆ.

ಆಯ್ಕೆ ಮುಗಿದ ಮೇಲೆ ಕೊಳ್ಳುವುದು ಹತ್ತು ನಿಮಿಷದ ಕೆಲಸ, ಕಾಯ್ದುಕೊಳ್ಳುವುದೇ ದೊಡ್ಡದು. ನಾವು ಕೊಳ್ಳುತ್ತೇವೆ ಎನ್ನುವುದು ರೂಢಿಯ ಮಾತು. ನಿಜದಲ್ಲಿ ಅದು ಬಾಡಿಗೆ, ಒಮ್ಮೆಗೆ ಗರಿಷ್ಠ ಹತ್ತು ವರ್ಷದ್ದು. ಖಾತೆ ನಿಮ್ಮ ಹೆಸರಿನಲ್ಲಿರಬೇಕು, ಸೈಟ್ ಮಾಡಿಕೊಡುವ ಪರಿಚಯದ ಹುಡುಗನ ಹೆಸರಿನಲ್ಲಲ್ಲ. ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕ ದಿನ ನಿಮ್ಮ ಅಂಗಡಿಯ ಕೀಲಿಯೂ ಅವನ ಜೊತೆ ಹೋಗುತ್ತದೆ. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ನಿಂತರೆ ಮೇಲ್ ನಿಲ್ಲುತ್ತದೆ, ಮೇಲ್ ನಿಂತರೆ ಪಾಸ್‌ವರ್ಡ್ ಬದಲಿಸಲೂ ಬರುವುದಿಲ್ಲ. ಕೊಂಡ ಕೂಡಲೇ ವಿಳಾಸ ಖಚಿತಪಡಿಸಿ ಎಂಬ ಮೇಲ್ ಬರುತ್ತದೆ. ಡಾಟ್ ಕಾಮ್‌ನಂಥವಕ್ಕೆ 15 ದಿನದೊಳಗೆ ಆ ಲಿಂಕ್ ಒತ್ತದಿದ್ದರೆ ಹೆಸರನ್ನು ತಡೆಹಿಡಿಯಬಹುದು. ಹೊಚ್ಚಹೊಸ ಸೈಟ್ ಎರಡು ವಾರಕ್ಕೆ ಮಾಯವಾದರೆ ಮೊದಲು ನೋಡಬೇಕಾದದ್ದು ಇದನ್ನೇ.

ತಾನಾಗಿ ನವೀಕರಣವಾಗುವಂತೆ ಇಟ್ಟರೂ, ಕೊಟ್ಟ ಕಾರ್ಡಿನ ಅವಧಿ ಮುಗಿದಿದ್ದರೆ ಅದು ನಡೆಯುವುದಿಲ್ಲ. ಡಾಟ್ ಕಾಮ್ ಅವಧಿ ಮೀರಿದ ಮೇಲೆ ರಿಜಿಸ್ಟ್ರಾರ್ ಒಪ್ಪಿದರೆ 45 ದಿನದವರೆಗೆ ಮಾಮೂಲಿ ದರದಲ್ಲಿ ಉಳಿಸಿಕೊಳ್ಳಬಹುದು. ಅಳಿಸಿದ ನಂತರ 30 ದಿನ, ಆಗ ದಂಡ ಜೋರು. ಆಮೇಲೆ 5 ದಿನ ಯಾರೂ ಏನೂ ಮಾಡುವಂತಿಲ್ಲ, ಆರನೆಯ ದಿನ ಹೆಸರು ಬೀದಿಗೆ. ಮರೆವು ಸಣ್ಣವರಿಗಷ್ಟೇ ಅಲ್ಲ: 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ 35 ಡಾಲರ್ ಕಟ್ಟಲು ಮರೆತು ಹಾಟ್‌ಮೇಲ್ ಲಾಗಿನ್ ಕೈಕೊಟ್ಟಿತು. ಕೊನೆಗೆ ಆ ದುಡ್ಡು ಕಟ್ಟಿದವನು ಒಬ್ಬ ಲಿನಕ್ಸ್ ಪ್ರೋಗ್ರಾಮರ್, ತನ್ನದೇ ಕಾರ್ಡಿನಿಂದ.

ಇದಕ್ಕೆ ತದ್ವಿರುದ್ಧವಾದದ್ದು, ಕಟ್ಟಬೇಕಿಲ್ಲದ ದುಡ್ಡನ್ನು ಕಟ್ಟುವುದು. ನವೀಕರಣದ ದಿನ ಹತ್ತಿರವಾದಂತೆ ಬಿಲ್ಲಿನಂತೆಯೇ ಕಾಣುವ ಪತ್ರಗಳು ಬರುತ್ತವೆ, ಹೆಸರೂ ತಾರೀಕೂ ಸರಿಯಾಗಿಯೇ ಇರುತ್ತವೆ. 'ನಿಮ್ಮ ಹೆಸರನ್ನು ಇನ್ನೊಂದು ದೇಶದಲ್ಲಿ ಯಾರೋ ನೋಂದಾಯಿಸಲು ಕೇಳಿದ್ದಾರೆ, ಏಳು ದಿನದಲ್ಲಿ ಉತ್ತರಿಸಿ' ಎಂಬುದು ಇನ್ನೊಂದು ಬಗೆ. ಮೇಲ್‌ನಲ್ಲಿರುವ ಲಿಂಕ್ ಒತ್ತದೆ, ರಿಜಿಸ್ಟ್ರಾರ್ ವಿಳಾಸವನ್ನು ನೀವೇ ಟೈಪ್ ಮಾಡಿ ಖಾತೆಯೊಳಗೆ ಹೋಗಿ ನೋಡಿ. ಬಾಕಿ ಇದ್ದರೆ ಅಲ್ಲಿ ಕಾಣುತ್ತದೆ. ಕಾಣದಿದ್ದರೆ ಪತ್ರ ಕಸದ ಬುಟ್ಟಿಗೆ.